ಡಾಕ್ಟರ್ ಆಗ್ತೀನಿ ಅಂದಿದ್ದಳಲ್ಲ!

ಅಮೆರಿಕದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇದು:

"ಇಲ್ಲಿನ ನಾವು ಕೆಲವು ಕನ್ನಡದ ಕುಟುಂಬಗಳು ಸೇರಿ ಪ್ರತಿ ವರ್ಷ ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತೇವೆ. ಹೋದ ವರ್ಷ ಏಳು ಮಕ್ಕಳ ಫೋಟೊ, ಅವರ ಮುಂದಿನ ಗುರಿ ಎಲ್ಲವನ್ನೂ ನಿಮ್ಮ ಪತ್ರಿಕೆಯಲ್ಲೇ ಹಾಕಿದ್ದಿರಿ. ಅದರಲ್ಲೊಬ್ಬಳು ಮಕ್ಕಳ ಡಾಕ್ಟರ್ ಆಗುತ್ತೇನೆ ಎಂದಿದ್ದಳು. 2,000 ಡಾಲರ್ ಕೊಟ್ಟೆವು. ಈಗ ಕಾಲೇಜಿನಲ್ಲಿ ಭಾಷಾಶಾಸ್ತ್ರ ಓದುತ್ತಿದ್ದಾಳಂತೆ. ಹಣ ಕೊಟ್ಟವರಿಗೆ ಬೇಸರವಾಗಿದೆ. ಹೇಳಿದ ಓದು ಬಿಟ್ಟರೆ ಹಣ ವಾಪಸ್ ಕೊಡಬೇಕು ಎಂಬ ಸಾಲನ್ನು ಮುಂದಿನ ಸಲದ ಅರ್ಜಿಗೆ ಸೇರಿಸಬೇಕೆಂದಿದ್ದೇವೆ. ನೀವೇನು ಹೇಳುತ್ತೀರಿ?"

ಸ್ವಾಮಿ, ಮೊದಲು ನಿಮ್ಮ ಬೇಸರಕ್ಕೆ ಒಂದು ನಮಸ್ಕಾರ. ದುಡಿದ ಹಣ ಕೊಟ್ಟವರಿಗೆ ಅದು ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕಿದೆ. ಊರ ಮಕ್ಕಳು ಓದಲಿ ಎಂದು ಕೈಬಿಚ್ಚುವವರು ಎಷ್ಟು ಜನ ಇದ್ದಾರೆ? ನೀವು ಆ ಕೆಲವರಲ್ಲಿ ಒಬ್ಬರು. ಇದನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ಇನ್ನು ಜಗಳಕ್ಕೆ ಬರೋಣ.

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ. ಅದು ತಗೊಂಡವರಿಗೆ ಹೇಳಿದ ಬುದ್ಧಿ. ಇಲ್ಲಿ ನೋಡಿದರೆ ಕೊಟ್ಟವರೇ ವರ್ಷ ಕಳೆದ ಮೇಲೆ ಅವರ ಕೊಟ್ಟಿಗೆಗೆ ಹೋಗಿ ಎಮ್ಮೆಯ ಬಾಯಿ ತೆರೆಸುತ್ತಿದ್ದೀರಿ. ಇದಕ್ಕೆ ಗಾದೆ ಮಾಡಬೇಕೆಂದು ಹಿರಿಯರಿಗೂ ತೋಚಿರಲಿಲ್ಲ.

ಅದೂ ಅಲ್ಲದೆ, ಆ ಹುಡುಗಿ ಡಾಕ್ಟರ್ ಆಗುವುದನ್ನು ಬಿಟ್ಟಿದ್ದಾಳೆ ಎಂದು ನಿಮಗೆ ಹೇಳಿದವರು ಯಾರು? ನೀವಿರುವ ದೇಶದಲ್ಲಿ ಮೆಡಿಕಲ್ ಕಾಲೇಜು ಶುರುವಾಗುವುದು ನಾಲ್ಕು ವರ್ಷದ ಡಿಗ್ರಿ ಮುಗಿದ ಮೇಲೆ. ಆ ಡಿಗ್ರಿ ಇಂಥದ್ದೇ ಇರಬೇಕೆಂಬ ನಿಯಮ ಇಲ್ಲ. ಪ್ರಿ-ಮೆಡ್ ಎನ್ನುವುದೂ ಸಾಮಾನ್ಯವಾಗಿ ಒಂದು ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಅಲ್ಲ, ತಯಾರಿಯ ದಾರಿ ಅಷ್ಟೆ. ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್‌ನ ಬೇಕಾದ ಪಾಠಗಳನ್ನು ಮುಗಿಸಿ, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದರೆ, ಸಂಗೀತ ಓದಿದವರೂ ಅರ್ಜಿ ಹಾಕಬಹುದು. ಭಾಷಾಶಾಸ್ತ್ರ ಓದಿದವಳೂ ಹಾಕಬಹುದು. ಮಾತೇ ಬಾರದ ಮಕ್ಕಳ ನೋವನ್ನು ತಿಳಿಯಬೇಕಾದ ಡಾಕ್ಟರಿಗೆ ಭಾಷೆ ಹೇಗೆ ಹುಟ್ಟುತ್ತದೆ ಎಂದು ಗೊತ್ತಿದ್ದರೆ ನಷ್ಟವೇನೂ ಇಲ್ಲ, ಅಲ್ವಾ? ನೀವು ಅವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದು ಬೇರೆ ಯಾರನ್ನೋ.

ಸರಿ, ಬಿಟ್ಟೇ ಬಿಟ್ಟಿದ್ದಾಳೆ ಎಂದುಕೊಳ್ಳೋಣ. ಆಗಲೂ ನಾನು ಅವಳ ಕಡೆಗೇ. ಅಮೆರಿಕದ ಶಿಕ್ಷಣ ಇಲಾಖೆಯ ಅಂಕಿಅಂಶ ವಿಭಾಗ 2017ರಲ್ಲಿ ಲೆಕ್ಕ ಹಾಕಿ ಹೇಳಿತ್ತು: ಮೇಜರ್ ಆರಿಸಿಕೊಂಡ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು 30 ಜನ ಮೂರು ವರ್ಷದೊಳಗೆ ಒಂದು ಸಲವಾದರೂ ಅದನ್ನು ಬದಲಿಸುತ್ತಾರೆ. ಗಣಿತ ಎಂದು ಶುರು ಮಾಡಿದವರಲ್ಲಂತೂ ನೂರಕ್ಕೆ 52 ಜನ! ಅಂದರೆ ನಿಮ್ಮ ಏಳು ಮಕ್ಕಳಲ್ಲಿ ಇಬ್ಬರು ಬದಲಿಸಿದರೂ ಅದು ಲೋಕರೂಢಿ. ಒಬ್ಬಳೇ ಬದಲಿಸಿದ್ದಾಳೆ ಎಂದರೆ ಉಳಿದ ಆರು ಮಕ್ಕಳ ಬಗ್ಗೆ ನಾನು ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ. ಹೆದರಿ ಕೂತಿದ್ದಾರೇನೋ.

ನನಗೆ ಈ ವಿಷಯದಲ್ಲಿ ಇಷ್ಟು ಸಿಟ್ಟು ಯಾಕೆ ಎಂದು ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ಇಂಥದ್ದೇ ಒಂದು ಆಯ್ಕೆ ಸಮಿತಿಯಲ್ಲಿ ನಾನೂ ಕೂತಿದ್ದೆ. ಮಕ್ಕಳು ಬರೆದ ಪ್ರಬಂಧಗಳ ದೊಡ್ಡ ಕಟ್ಟು ನಮ್ಮ ಮುಂದಿತ್ತು. ಹೆಚ್ಚಿನವರು ಡಾಕ್ಟರ್. ಉಳಿದವರು ಎಂಜಿನಿಯರ್. ಎಲ್ಲರ ಅಜ್ಜಿಯರೂ ಆಸ್ಪತ್ರೆಯಲ್ಲಿದ್ದರು, ಎಲ್ಲ ಮೊಮ್ಮಕ್ಕಳಿಗೂ ಆ ಹಾಸಿಗೆಯ ಪಕ್ಕದಲ್ಲೇ ಜೀವನದ ದಾರಿ ಕಂಡಿತ್ತು. ಇಪ್ಪತ್ತನೆಯ ಅಜ್ಜಿ ಬರುವ ಹೊತ್ತಿಗೆ ನಮಗೆ ಕಣ್ಣು ಎಳೆಯುತ್ತಿತ್ತು. ಆಗ ಒಬ್ಬ ಹುಡುಗನ ಕಾಗದ ಬಂತು. "ನಾನು ಏನಾಗಬೇಕೆಂದು ಇನ್ನೂ ಗೊತ್ತಿಲ್ಲ. ಕಾಲೇಜಿಗೆ ಹೋಗುತ್ತಿರುವುದೇ ಅದನ್ನು ಹುಡುಕಲಿಕ್ಕೆ" ಎಂದು ಬರೆದಿದ್ದ. ಅವನ ಅಂಕಗಳು ಚೆನ್ನಾಗಿದ್ದವು. ಮನೆಯಲ್ಲಿ ಕಷ್ಟ ಇತ್ತು. ನಾವೆಲ್ಲ ಕೂತು "ಗುರಿ ಸ್ಪಷ್ಟವಿಲ್ಲ" ಎಂದು ಬರೆದು ಅವನನ್ನು ಪಕ್ಕಕ್ಕಿಟ್ಟೆವು. ನಾನೂ ಕೈ ಎತ್ತಿದ್ದೆ. ಆ ಕಟ್ಟಿನಲ್ಲಿ ನಿಜ ಹೇಳಿದವನು ಅವನೊಬ್ಬನೇ ಎಂದು ನನಗೆ ಹೊಳೆದದ್ದು ಮನೆಗೆ ಹೋಗುವ ದಾರಿಯಲ್ಲಿ. ವಾಪಸ್ ಹೋಗಿ ಹೇಳಲಿಲ್ಲ. ಅವನ ಹೆಸರು ಮರೆತಿದ್ದೇನೆ, ಆ ಸಾಲು ಮರೆತಿಲ್ಲ.

ಹದಿನೇಳು ವರ್ಷದ ಮಗುವಿಗೆ ನಾವು ಹಣ ತೋರಿಸಿ, ಏನಾಗ್ತೀಯಾ ಹೇಳು ಅಂತೀವಿ. ಅದು ನಮ್ಮ ಮುಖ ನೋಡಿ, ನಮಗೆ ಏನು ಇಷ್ಟವೋ ಅದನ್ನು ಹೇಳುತ್ತದೆ. ಆಮೇಲೆ ಆ ಮಾತನ್ನು ನಾವು ಪ್ರಾಮಿಸರಿ ನೋಟಿನ ಹಾಗೆ ಬೀರುವಿನಲ್ಲಿ ಇಟ್ಟುಕೊಳ್ಳುತ್ತೇವೆ.

ನೀವು ಸೇರಿಸಬೇಕೆಂದಿರುವ ಆ ಒಂದು ಸಾಲನ್ನು ಅಮೆರಿಕ ಸರ್ಕಾರವೇ ಒಮ್ಮೆ ಸೇರಿಸಿ ನೋಡಿದೆ. ಟೀಚ್ ಗ್ರಾಂಟ್ ಎಂಬ ಯೋಜನೆ, 2007ರ ಕಾನೂನು. ಮೇಷ್ಟರಾಗಬೇಕೆನ್ನುವ ವಿದ್ಯಾರ್ಥಿಗೆ ವರ್ಷಕ್ಕೆ 4,000 ಡಾಲರ್‌ವರೆಗೆ ಹಣ. ಓದು ಮುಗಿದ ಮೇಲೆ ಎಂಟು ವರ್ಷದೊಳಗೆ ನಾಲ್ಕು ವರ್ಷ ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ, ಮೇಷ್ಟರ ಕೊರತೆ ಇರುವ ವಿಷಯ ಕಲಿಸಬೇಕು. ಕಲಿಸದಿದ್ದರೆ ಆ ಹಣವೆಲ್ಲ ಸಾಲವಾಗುತ್ತದೆ, ಹಣ ಕೈಗೆ ಬಂದ ದಿನದಿಂದ ಬಡ್ಡಿ. ಕೇಳಲಿಕ್ಕೆ ಎಷ್ಟು ನ್ಯಾಯವಾಗಿದೆ! ನಡೆದದ್ದೇನು ಗೊತ್ತಾ? ಸಾವಿರಾರು ಮಂದಿ ಹೇಳಿದ ಹಾಗೆಯೇ ಬಡ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದರು. ಆದರೆ ವರ್ಷ ವರ್ಷ ಕಳಿಸಬೇಕಾದ ಒಂದು ಕಾಗದ ತಡವಾಯಿತು, ಇಲ್ಲವೇ ಅದರಲ್ಲಿ ಸಣ್ಣ ತಪ್ಪಿತ್ತು. ಅಷ್ಟಕ್ಕೇ ಗ್ರಾಂಟು ಹೋಗಿ ಸಾಲವಾಯಿತು. 2018ರಲ್ಲಿ ಪತ್ರಕರ್ತರು ಇದನ್ನು ಬಯಲಿಗೆಳೆದ ಮೇಲೆ ಇಲಾಖೆ ಸರಿಪಡಿಸಲು ಹೊರಟಿತು. ಕೊಟ್ಟ ಮಾತು ಉಳಿಸಿಕೊಂಡವರಿಗೇ ಈ ಗತಿ. ಷರತ್ತು ಬರೆಯುವುದು ಸುಲಭ ಸ್ವಾಮಿ. ಅದನ್ನು ಕಾಯುವವರಿಗೆ ಫೈಲು ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ.

ಜಾರ್ಜಿಯಾ ರಾಜ್ಯದ ಹೋಪ್ ಸ್ಕಾಲರ್‌ಶಿಪ್ ಇನ್ನೊಂದು ಕತೆ. 1993ರಲ್ಲಿ ಲಾಟರಿ ಹಣದಿಂದ ಶುರುವಾಯಿತು. ಕಾಲೇಜಿನಲ್ಲಿ ಬಿ ಸರಾಸರಿ, ಅಂದರೆ 3.0, ಉಳಿಸಿಕೊಂಡರೆ ಮಾತ್ರ ಮುಂದುವರಿಯುತ್ತದೆ. ಅಲ್ಲಿನ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರೇ ಕೂತು ನೋಡಿದರು. ಮಕ್ಕಳು ಒಂದು ಸಲಕ್ಕೆ ಕಡಿಮೆ ಕೋರ್ಸು ತಗೊಳ್ಳಲು ಶುರು ಮಾಡಿದ್ದರು. ಕಷ್ಟ ಅನಿಸಿದ ಕೋರ್ಸನ್ನು ಮಧ್ಯದಲ್ಲೇ ಬಿಡುವುದು ಜಾಸ್ತಿಯಾಗಿತ್ತು. ತಪ್ಪು ಮಕ್ಕಳದ್ದಲ್ಲ. ಎಡವಿದರೆ ಹಣ ಹೋಗುತ್ತದೆ ಎಂದರೆ ಯಾರಾದರೂ ಸಪಾಟು ನೆಲದಲ್ಲೇ ನಡೆಯುತ್ತಾರೆ.

ನಮ್ಮ ಕಡೆಯ ಉದಾಹರಣೆ ಬೇಕೆ? ರಾಮಾನುಜನ್ 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸೇರಿದ್ದು ಸ್ಕಾಲರ್‌ಶಿಪ್ ಸಿಕ್ಕಿದ್ದರಿಂದ. ಗಣಿತ ಬಿಟ್ಟು ಬೇರೆ ಯಾವುದನ್ನೂ ನೋಡಲಿಲ್ಲ, ಉಳಿದ ವಿಷಯಗಳಲ್ಲಿ ಬಿದ್ದರು, ಸ್ಕಾಲರ್‌ಶಿಪ್ ಹೋಯಿತು. ನಿಯಮದ ಪ್ರಕಾರ ಸರಿಯೇ. 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷಕ್ಕೆ ಸಂಶೋಧನೆಯ ವೇತನ ಕೊಟ್ಟಿತು. ಅವರ ಹತ್ತಿರ ಡಿಗ್ರಿ ಇರಲಿಲ್ಲ. ನಿಯಮ ಸ್ವಲ್ಪ ಕಣ್ಣು ಮುಚ್ಚಿಕೊಂಡದ್ದರಿಂದ ಸಿಕ್ಕ ಹಣ ಅದು. ನಡುವೆ ಹೋದ ವರ್ಷಗಳನ್ನು ಯಾರು ಕೊಡುತ್ತಾರೆ?

ಅದೇ 1913ರಲ್ಲಿ ಅಂಬೇಡ್ಕರ್ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಮಹಾರಾಜರ ಉಪಕಾರ ದೊಡ್ಡದು, ಎರಡು ಮಾತಿಲ್ಲ. ಆದರೆ ಓದಿ ಬಂದ ಮೇಲೆ ಹತ್ತು ವರ್ಷ ಬರೋಡದ ಚಾಕರಿ ಮಾಡಬೇಕೆಂಬ ಕರಾರಿತ್ತು. ವೇತನದ ಅವಧಿ ಮುಗಿಯಿತೆಂದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಬಂದರೆ ಆ ಊರಿನಲ್ಲಿ ಅವರಿಗೆ ಇರಲಿಕ್ಕೆ ಒಂದು ಮನೆ ಸಿಗಲಿಲ್ಲ. ಕಚೇರಿಯಲ್ಲಿ ಜವಾನರು ಫೈಲುಗಳನ್ನು ದೂರದಿಂದ ಎಸೆಯುತ್ತಿದ್ದರು. ಕರಾರಿನಲ್ಲಿ ಅವರು ಮಾಡಬೇಕಾದ್ದು ಬರೆದಿತ್ತು. ಊರು ಮಾಡಬೇಕಾದ್ದು ಬರೆದಿರಲಿಲ್ಲ. ಇಂಥ ಕಾಗದಗಳೆಲ್ಲ ಹೀಗೇ, ಒಂದೇ ಕಡೆಗೆ ವಾಲಿರುತ್ತವೆ.

ಹಾಗಾದರೆ ಏನೂ ಕೇಳದೆ ಹಣ ಸುರಿಯಬೇಕಾ ಎನ್ನುತ್ತೀರಿ. ಕೇಳದೆ ಕೊಟ್ಟವರಿದ್ದಾರೆ. ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ 2005ರಲ್ಲಿ ಕೆಲವರು ಸೇರಿ ಒಂದು ಘೋಷಣೆ ಮಾಡಿಸಿದರು. ಊರಿನ ಸರ್ಕಾರಿ ಶಾಲೆಗಳಲ್ಲಿ ಓದಿ ಹೈಸ್ಕೂಲು ಮುಗಿಸಿದ ಮಕ್ಕಳಿಗೆ ರಾಜ್ಯದ ಸರ್ಕಾರಿ ಕಾಲೇಜುಗಳ ಟ್ಯೂಷನ್ ಫೀಸು ಅವರದು. ಮೊದಲಿಂದ ಅಲ್ಲೇ ಓದಿದ್ದರೆ ನೂರಕ್ಕೆ ನೂರು, ಒಂಬತ್ತನೆಯ ತರಗತಿಗೆ ಬಂದು ಸೇರಿದವರಿಗೆ ನೂರಕ್ಕೆ 65. ಇದಕ್ಕೆ ಅರ್ಹರಾಗಲು ರ‍್ಯಾಂಕು ಬೇಡ, ಅಜ್ಜಿಯ ಕತೆ ಬೇಡ, ಡಾಕ್ಟರ್ ಆಗ್ತೀನಿ ಎಂಬ ಪ್ರಮಾಣವೂ ಬೇಡ. ನನಗೆ ತುಂಬ ಹಿಡಿಸಿದ ವಿಷಯ ಇನ್ನೊಂದಿದೆ. ಕೊಟ್ಟವರು ತಮ್ಮ ಹೆಸರನ್ನು ಹೇಳಲೇ ಇಲ್ಲ. ಇಪ್ಪತ್ತು ವರ್ಷ ಕಳೆಯಿತು, ಒಂದು ಫೋಟೊ ಇಲ್ಲ, ಒಂದು ಶಾಲು ಇಲ್ಲ! ನಮ್ಮವರಾಗಿದ್ದರೆ ಅಷ್ಟು ಹೊತ್ತಿಗೆ ಎಷ್ಟು ಹಾರ ಬಾಡಿರುತ್ತಿತ್ತೋ.

ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಸೈನಿಕರನ್ನು ಸರ್ಕಾರದ ಖರ್ಚಿನಲ್ಲಿ ಕಾಲೇಜಿಗೆ ಕಳಿಸುವ ಜಿಐ ಬಿಲ್ ಬಂತು. ಆಗಲೂ ನಿಮ್ಮ ಹಾಗೆ ಕಳವಳ ಪಟ್ಟವರಿದ್ದರು. ಷಿಕಾಗೊ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್ ಅವರಂಥ ದೊಡ್ಡ ವಿದ್ವಾಂಸರೇ ಕಾಲೇಜುಗಳು ಅಲೆಮಾರಿಗಳ ಬಿಡಾರ ಆಗುತ್ತವೆ ಎಂದು ಹೆದರಿದ್ದರು. ಸುಮಾರು 22 ಲಕ್ಷ ಜನ ಕಾಲೇಜಿಗೆ ಹೋದರು, ತಮಗೆ ಬೇಕಾದ್ದು ಓದಿದರು. ಬಿಡಾರವೂ ಆಗಲಿಲ್ಲ, ಸಂತೆಯೂ ಆಗಲಿಲ್ಲ. ಇವತ್ತಿನ ಪೆಲ್ ಗ್ರಾಂಟ್ ಕೂಡ ನೋಡಿ. ಬಡ ವಿದ್ಯಾರ್ಥಿಗೆ ವರ್ಷಕ್ಕೆ 7,395 ಡಾಲರ್‌ವರೆಗೆ ಕೊಡುತ್ತಾರೆ. ಅದಕ್ಕೆ ತುಂಬುವ ಫಾಫ್ಸಾ ಅರ್ಜಿ ಮನೆಯ ಆದಾಯ ಕೇಳುತ್ತದೆ. ದೊಡ್ಡವಳಾದ ಮೇಲೆ ಏನಾಗ್ತೀಯಾ ಪುಟ್ಟಿ ಎಂದು ಕೇಳುವುದಿಲ್ಲ.

ನಿಜವಾಗಿ ಬೇಸರ ಮಾಡಿಕೊಳ್ಳಲೇಬೇಕು ಎಂದಿದ್ದರೆ ಬೇರೆ ಕಾರಣ ಕೊಡುತ್ತೇನೆ, ತಗೊಳ್ಳಿ. ನೀವು ಕೊಟ್ಟ 2,000 ಡಾಲರ್ ಆ ಹುಡುಗಿಗೆ ಸಿಕ್ಕಿತಾ, ವಿಚಾರಿಸಿದ್ದೀರಾ? ಹೊರಗಿನ ಸ್ಕಾಲರ್‌ಶಿಪ್ ಬಂತೆಂದು ಗೊತ್ತಾದ ಕೂಡಲೇ ಎಷ್ಟೋ ಕಾಲೇಜುಗಳು ತಾವು ಕೊಡಬೇಕಿದ್ದ ನೆರವಿನಲ್ಲಿ ಅಷ್ಟನ್ನು ಕಳೆದುಬಿಡುತ್ತವೆ. ಮಗುವಿನ ಕೈಯಲ್ಲಿ ದೊಡ್ಡ ರಟ್ಟಿನ ಚೆಕ್ ಕೊಟ್ಟು ಫೋಟೊ ತೆಗೆದಿರಿ. ಲಾಭವಾದದ್ದು ಕಾಲೇಜಿಗೆ. ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕೆ ಕಡಿವಾಣ ಹಾಕಿತು, ಅಂಥ ಕಾನೂನು ಮಾಡಿದ ಮೊದಲ ರಾಜ್ಯ ಅದು. ಹಣ ವಾಪಸ್ ಕೇಳುವ ಹುಮ್ಮಸ್ಸು ನಿಮಗಿದ್ದರೆ ಹಾಗೆ ಕಳೆಯುವ ಕಾಲೇಜುಗಳ ಕಚೇರಿಗಳಿಗೆ ಪತ್ರ ಬರೆಯಿರಿ. ಹದಿನೆಂಟು ವರ್ಷದ ಹುಡುಗಿಗೆ ಬೇಡ. ಆದರೆ ನಮಗೆ ಯಾವಾಗಲೂ ಚಿಕ್ಕವರ ಹತ್ತಿರ ಲೆಕ್ಕ ಕೇಳುವುದೇ ಸಲೀಸು. ಬ್ಯಾಂಕಿನವರ ಹತ್ತಿರ, ಇಲಾಖೆಯವರ ಹತ್ತಿರ, ಹಾರ ಹಾಕಿಸಿಕೊಂಡು ಹೋದ ಮುಖ್ಯ ಅತಿಥಿಯ ಹತ್ತಿರ ಕೇಳುವಾಗ ನಮ್ಮ ದನಿ ತಗ್ಗುತ್ತದೆ. ಮಕ್ಕಳ ಮುಂದೆ ಮಾತ್ರ ಏರುತ್ತದೆ.

ಇಷ್ಟೆಲ್ಲ ನಿಮ್ಮನ್ನು ಬೈದು ನಾನು ಒಳ್ಳೆಯವನಾಗುವುದು ಸರಿಯಲ್ಲ. ಆ ಏಳು ಮಕ್ಕಳ ಫೋಟೊದ ಕೆಳಗೆ "ಮುಂದಿನ ಗುರಿ" ಎಂದು ಅಚ್ಚು ಹಾಕಿದ್ದು ನಾವು. ನಿಮಗೆ ಕಳಿಸಿದ ನಮೂನೆಯಲ್ಲಿ ಆ ಖಾನೆ ಇಟ್ಟಿದ್ದು ನಾನೇ. ಅದು ಖಾಲಿ ಬಂದಿದ್ದ ಒಬ್ಬ ಹುಡುಗನಿಗೆ ನಮ್ಮ ಕಚೇರಿಯಿಂದಲೇ ಇಮೇಲ್ ಹೋಗಿತ್ತು, ಏನಾದರೂ ಒಂದು ಬರೆದು ಕಳಿಸಿ, ಪುಟ ನಿಂತಿದೆ ಎಂದು. ಅವನು "ಎಂಜಿನಿಯರ್" ಎಂದು ಬರೆದು ಕಳಿಸಿದ. ಈ ವರ್ಷದಿಂದ ಆ ಖಾನೆ ತೆಗೆದಿದ್ದೇವೆ. "ಇತ್ತೀಚೆಗೆ ನಿಮ್ಮನ್ನು ನಿದ್ದೆಗೆಡಿಸಿದ ವಿಷಯ ಯಾವುದು?" ಎಂದು ಕೇಳುತ್ತಿದ್ದೇವೆ. ಅದಕ್ಕೂ ಅಜ್ಜಿಯ ಕತೆಯೇ ಬಂದರೆ ನೋಡೋಣ.

ನೀವೂ ಆ ಸಾಲನ್ನು ಕೈಬಿಡಿ. ಅದರ ಬದಲು ಎರಡನೆಯ ವರ್ಷಕ್ಕೂ ಒಂದಿಷ್ಟು ಹಣ ಎತ್ತಿಡಿ. ಮೊದಲ ವರ್ಷ ಎಲ್ಲರೂ ಕೊಡುತ್ತಾರೆ, ಕ್ಯಾಮೆರಾ ಇರುತ್ತದೆ. ಎರಡನೆಯ ವರ್ಷ ಮಗು ಒಂಟಿಯಾಗಿ ಫೀಸು ಕಟ್ಟುವ ಕಿಟಕಿಯ ಮುಂದೆ ನಿಂತಿರುತ್ತದೆ, ಅದೂ ಮೇಜರ್ ಬದಲಿಸಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡು.

ಅಂದ ಹಾಗೆ, ಆ ಹುಡುಗಿಗೆ ನಮ್ಮ ವಿಳಾಸ ತಲುಪಿಸಿ. ಭಾಷಾಶಾಸ್ತ್ರ ಓದುತ್ತಿದ್ದಾಳಲ್ಲ, ಅಮೆರಿಕದ ಮನೆಗಳಲ್ಲಿ ಮಕ್ಕಳು ಆಡುವ ಕನ್ನಡದ ಬಗ್ಗೆ ಒಂದು ಲೇಖನ ಬರೆಯಲಿ. ಸಂಭಾವನೆ ಕಡಿಮೆ, 2,000 ಡಾಲರ್ ಅಂತೂ ಇಲ್ಲ. ನಡುವೆ ವಿಷಯ ಬದಲಿಸಿದರೂ ವಾಪಸ್ ಕೇಳುವುದಿಲ್ಲ.

— ಸಂ.