ಡಾಕ್ಟರೇಟ್ ಮಾಡಿ ಎಸಿ ನೋಡಿಕೊಳ್ಳೋದಾ?

ಪ್ರಶ್ನೆ: ನನಗೆ 35 ವರ್ಷ. ಊರು ಸಾಗರದ ಹತ್ತಿರ. ಅತಿಶೀತ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿ, ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಎರಡನೇ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ. ಮಾರ್ಚ್‌ಗೆ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಫ್ಯಾಕಲ್ಟಿ ಹುದ್ದೆಗೆ ಹಾಕಿದ ಅರ್ಜಿಗಳಿಗೆ ಉತ್ತರವೇ ಬಂದಿಲ್ಲ. ಈಗ ವೈಟ್‌ಫೀಲ್ಡ್ ಕಡೆಯ ಡೇಟಾ ಸೆಂಟರ್ ಕಂಪನಿಯೊಂದು ಕೂಲಿಂಗ್ ಎಂಜಿನಿಯರ್ ಕೆಲಸದ ಆಫರ್ ಕೊಟ್ಟಿದೆ. ಸಂಬಳ ಈಗಿನದರ ದುಪ್ಪಟ್ಟಿಗೂ ಹೆಚ್ಚು. ಮಗಳಿಗೆ ನಾಲ್ಕು ವರ್ಷ. ಯಜಮಾನರು ‘ನಿನ್ನಿಷ್ಟ’ ಅಂತಾರೆ. ನಿವೃತ್ತ ಮೇಷ್ಟ್ರಾದ ಅಪ್ಪ ‘ಡಾಕ್ಟರೇಟ್ ಮಾಡಿ ಎಸಿ ರಿಪೇರಿ ಮಾಡ್ತೀಯೇನೇ?’ ಅಂದರು. ಗೈಡ್‌ಗೆ ಹೇಳುವ ಮುಖವೇ ಇಲ್ಲ. ವಿಜ್ಞಾನಕ್ಕೆ ದ್ರೋಹ ಮಾಡುತ್ತಿದ್ದೇನಾ? ಹದಿನೈದು ದಿನದೊಳಗೆ ಉತ್ತರ ಕೊಡಬೇಕು.
– ಹೆಸರು ಬೇಡ, ಬೆಂಗಳೂರು

ಉತ್ತರ: ದ್ರೋಹದ ಮಾತು ಬಿಡಿ. ಪಿಎಚ್.ಡಿ. ಮಾಡಿದ ಎಲ್ಲರಿಗೂ ಪ್ರೊಫೆಸರ್ ಕುರ್ಚಿ ಯಾವ ದೇಶದಲ್ಲೂ ಇಲ್ಲ. 2023ರ ಪರಿಷ್ಕರಣೆಯ ನಂತರವೂ ಸರ್ಕಾರಿ ಯೋಜನೆಗಳಲ್ಲಿ ನಿಮ್ಮ ಪೋಸ್ಟ್‌ಡಾಕ್ ಮಟ್ಟದ ರಿಸರ್ಚ್ ಅಸೋಸಿಯೇಟ್‌ಗೆ ಸಿಗುವುದು ತಿಂಗಳಿಗೆ 58,000ದಿಂದ 67,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಅದಕ್ಕೂ ಅವಧಿ ಮುಗಿಯುವ ಭಯ. ಮಗುವಿನ ಸ್ಕೂಲ್ ಫೀಸು ಕಟ್ಟುತ್ತಾ ಬೇರೆ ದಾರಿ ನೋಡುವವಳನ್ನು ದ್ರೋಹಿ ಅನ್ನುವವರು, ಆ ಫೀಸನ್ನು ತಾವು ಕಟ್ಟುತ್ತಾರಾ?

ನಿಮ್ಮ ತಂದೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಕೆಲಸ ತಂಪು ಮಾಡುವುದೇ. ಎಂಥ ತಂಪು ಅನ್ನುವುದು ಮಾತ್ರ ಅವರಿಗೆ ಗೊತ್ತಿರಲಿಕ್ಕಿಲ್ಲ. ಹಿಂದೆ ಒಂದು ರ‍್ಯಾಕ್ ತುಂಬ ಸರ್ವರ್ ಇದ್ದರೂ ಐದೋ ಹತ್ತೋ ಕಿಲೋವಾಟ್. ತಣ್ಣನೆ ಗಾಳಿ ಬಿಟ್ಟರೆ ಸಾಕಿತ್ತು. ಈಗ ಎಐ ಕೆಲಸಕ್ಕೆಂದು ಬಂದಿರುವ ಎನ್‌ವಿಡಿಯಾದ 72 ಜಿಪಿಯುಗಳ (ಎಐ ಲೆಕ್ಕ ಮಾಡುವ ಚಿಪ್ಪುಗಳು) ಒಂದೇ ರ‍್ಯಾಕ್ ಸುಮಾರು 120 ಕಿಲೋವಾಟ್ ಎಳೆಯುತ್ತದೆ. ಬಚ್ಚಲಮನೆಯ ಅರವತ್ತು ಗೀಸರ್‌ಗಳನ್ನು ಒಂದು ಬೀರುವಿನಲ್ಲಿ ತುರುಕಿ ಹಗಲೂ ರಾತ್ರಿ ಆನ್ ಮಾಡಿಟ್ಟ ಹಾಗೆ. ಇದು ಗಾಳಿಯಿಂದ ಆಗುವ ಕೆಲಸವಲ್ಲ. ಚಿಪ್ಪಿನ ನೆತ್ತಿಯ ಮೇಲೆಯೇ ತಾಮ್ರದ ತಟ್ಟೆ ಕೂರಿಸಿ, ಅದರೊಳಗಿನ ಕೂದಲೆಳೆಯಂಥ ಕಾಲುವೆಗಳಲ್ಲಿ ಗ್ಲೈಕಾಲ್ ಬೆರೆಸಿದ ನೀರು ಹರಿಸುತ್ತಾರೆ. ಕೊಳವೆ ಜೋಡಿಸುವ ಒಂದು ಕಪ್ಲಿಂಗ್ ಜಿನುಗಿದರೂ ಕೋಟಿಗಟ್ಟಲೆ ಬೆಲೆಯ ಯಂತ್ರದ ಮೇಲೆ ನೀರು.

ನೀವು ಇಷ್ಟು ವರ್ಷ ಮಾಡಿದ್ದೇನು? ಅತಿಶೀತವನ್ನು ಕಾಯ್ದಿಡುವ ಕ್ರಯೋಸ್ಟಾಟ್‌ನ ಒಂದೊಂದು ಜಾಯಿಂಟಿಗೂ ಹೀಲಿಯಂ ಊದಿ, ಲೀಕ್ ಡಿಟೆಕ್ಟರಿನ ರೀಡಿಂಗ್ ಎಲ್ಲಿ ಏರುತ್ತದೆ ಎಂದು ಕಾದು ಕೂತಿದ್ದು. ಕೊಳವೆ, ಪಂಪು, ಸೆನ್ಸರ್‌ಗಳ ಮುನಿಸು ನಿಮಗೆ ಗೊತ್ತು. ಈ ಕಂಪನಿ ನಿಮ್ಮ ಮೇಲೆ ಕರುಣೆಯಿಟ್ಟು ಕರೆಯುತ್ತಿಲ್ಲ. ಇನ್ನು ಎಸಿ ರಿಪೇರಿಯವರ ಬಗ್ಗೆ ತಂದೆಯವರ ಧಾಟಿ ನನಗಂತೂ ಹಿಡಿಸಲಿಲ್ಲ. ಮೊದಲ ವರ್ಷ ನಿಮಗೆ ನೀರು ತಣಿಸುವ ಯಂತ್ರವಾದ ಚಿಲ್ಲರ್ ಏನೆಂದು ಕಲಿಸುವವರೇ ಅವರು. ಯುಪಿಎಸ್, ಜನರೇಟರ್, ಟ್ರಾನ್ಸ್‌ಫಾರ್ಮರ್ ಕಡೆ ನೀವು ಹೊಸಬರು. ಡಿಪ್ಲೊಮಾ ಮಾಡಿದ ಹುಡುಗರ ಹತ್ತಿರ ಕೇಳಿ ಕಲಿಯುವುದಕ್ಕೆ ಸಂಕೋಚವಾಗುವುದಾದರೆ ಈಗಲೇ ಬೇಡ ಅನ್ನಿ.

ನನ್ನ ಅನುಮಾನ ಇರುವುದು ಬೇರೆ ಕಡೆ. ಲ್ಯಾಬಿನಲ್ಲಿ ನಿರೀಕ್ಷೆ ಮಾಡದ್ದು ಕಂಡರೆ ಹಬ್ಬ. 1911ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಭೌತವಿಜ್ಞಾನಿ ಕಾಮರ್ಲಿಂಗ್ ಓನೆಸ್ ಅವರ ಪ್ರಯೋಗಾಲಯದಲ್ಲಿ ಪಾದರಸದ ವಿದ್ಯುತ್ ರೋಧ 4.2 ಕೆಲ್ವಿನ್ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ಆಸುಪಾಸಿನಲ್ಲಿ ದಿಢೀರನೆ ಮಾಯವಾಯಿತು; ಸೂಪರ್ ಕಂಡಕ್ಟಿವಿಟಿ ಎನ್ನುವ ನಿಮ್ಮ ಶಾಸ್ತ್ರದ ದೊಡ್ಡ ಅಧ್ಯಾಯ ಶುರುವಾಗಿದ್ದೇ ಅಲ್ಲಿಂದ. ಡೇಟಾ ಸೆಂಟರಿನಲ್ಲಿ ರೀಡಿಂಗ್ ದಿಢೀರನೆ ಬದಲಾದರೆ ರಾತ್ರಿ ಎರಡಕ್ಕೆ ಫೋನು ಬರುತ್ತದೆ. ಡೇಟಾ ಸೆಂಟರುಗಳ ಟಿಯರ್ 3 ಎನ್ನುವ ದರ್ಜೆಗೆ ರೂಢಿಯಲ್ಲಿ ಹೇಳುವ ಲೆಕ್ಕ ಶೇ 99.982 ಸಮಯ ಚಾಲನೆಯಲ್ಲಿರಬೇಕು, ಅಂದರೆ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಗಂಟೆ ಚಿಲ್ಲರೆ ನಿಲ್ಲಬಹುದು. 2022ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಪಾಂಗ್ಯೋದ ಡೇಟಾ ಸೆಂಟರಿನಲ್ಲಿ ಬೆಂಕಿ ಬಿದ್ದಾಗ, ಆ ದೇಶದ ಹೆಚ್ಚುಕಡಿಮೆ ಎಲ್ಲರೂ ಬಳಸುವ ಮೆಸೇಜಿಂಗ್ ಆ್ಯಪ್ ಕಾಕಾವೊಟಾಕ್ ಸ್ತಬ್ಧವಾಗಿತ್ತು. ಅದಕ್ಕೇ ಇಲ್ಲಿ ಒಂದು ವಾಲ್ವ್ ತಿರುಗಿಸಬೇಕಾದರೂ ಎಂಒಪಿ ಎಂಬ, ಕೆಲಸದ ಹೆಜ್ಜೆಗಳ ಹಾಳೆ ಬರೆದು, ಸಹಿ ಹಾಕಿಸಿ, ಪಕ್ಕದವರು ಒಂದೊಂದೇ ಸಾಲು ಓದಿದ ಹಾಗೆ ತಿರುಗಿಸುತ್ತಾರೆ. ವರ್ಷವಿಡೀ ಏನೂ ಆಗದಿದ್ದರೆ ನೀವು ಗೆದ್ದಿರಿ. ಗೆದ್ದಿರಿ ಎಂದು ಯಾರೂ ಬಂದು ಹೇಳುವುದಿಲ್ಲ.

‘ಹೀಗೆ ಮಾಡಿದರೆ ಏನಾಗುತ್ತೆ ನೋಡೋಣ’ ಎನ್ನುವ ಸ್ವಭಾವ ನಿಮ್ಮದಾದರೆ ಇಂಥ ದಿನನಿತ್ಯ ನಡೆಸುವ ಕೆಲಸದಲ್ಲಿ, ಅಂದರೆ ಆಪರೇಷನ್ಸ್‌ನಲ್ಲಿ, ಉಸಿರು ಕಟ್ಟುತ್ತದೆ. ನೀವು ಕೇಳಬೇಕಾದದ್ದು ಕಮಿಷನಿಂಗ್. ಕಟ್ಟಡವನ್ನು ಗಿರಾಕಿಗೆ ಒಪ್ಪಿಸುವ ಮುಂಚೆ, ಸರ್ವರ್ ಇರಬೇಕಾದ ಜಾಗದಲ್ಲಿ ಲೋಡ್ ಬ್ಯಾಂಕ್ ಎನ್ನುವ ಹೀಟರ್‌ಗಳನ್ನು ಇಟ್ಟು ಉರಿಸುತ್ತಾರೆ. ಆಮೇಲೆ ಬೇಕೆಂದೇ ಕರೆಂಟು ತೆಗೆಯುತ್ತಾರೆ. ಜನರೇಟರ್ ಎಷ್ಟು ಸೆಕೆಂಡಿಗೆ ಭಾರ ಹೊತ್ತಿತು, ಚಿಲ್ಲರ್ ಮತ್ತೆ ಶುರುವಾಗುವಷ್ಟರಲ್ಲಿ ನೀರಿನ ಉಷ್ಣತೆ ಎಷ್ಟು ಏರಿತು, ಎಲ್ಲವನ್ನೂ ಅಳೆದು ಬರೆಯುತ್ತಾರೆ. ಪ್ರಯೋಗ ಅಂದರೆ ಇದೇ ಅಲ್ಲವೇ? ಆಫರಿನಲ್ಲಿ ಬರೀ ‘ಕೂಲಿಂಗ್ ಎಂಜಿನಿಯರ್’ ಅಂತಿದೆ. ಯಾವ ತಂಡ, ಶಿಫ್ಟ್ ಹೇಗೆ, ತಿಂಗಳಿಗೆ ಎಷ್ಟು ರಾತ್ರಿ ಎಂದು ಈ ವಾರವೇ ಬಾಯಿಬಿಟ್ಟು ಕೇಳಿ. ನೀರು ಎಲ್ಲಿಂದ ತರುತ್ತೀರಿ ಎಂದೂ ಕೇಳಿ. ಕೂಲಿಂಗ್ ಟವರ್ ನೀರನ್ನು ಆವಿ ಮಾಡಿ ಬಿಡುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತ ಊರು ನಮ್ಮದು. ಮನಸ್ಸು ಚುಚ್ಚಬೇಕಾದ ಜಾಗ ಇದ್ದರೆ ಅದು ಇಲ್ಲಿ.

ಗೈಡ್‌ಗೆ ನಾಳೆಯೇ ಹೇಳಿ. ಕ್ಯಾಂಟೀನಿನಲ್ಲಿ ಬೇರೆಯವರ ಬಾಯಿಂದ ಕೇಳಿಸಿಕೊಂಡರೆ ಆಗ ನಿಜಕ್ಕೂ ಮುಖ ತೋರಿಸಲಾಗದು. ಅರ್ಧಕ್ಕೆ ನಿಂತ ಪೇಪರ್ ಯಾವಾಗ ಮುಗಿಸುತ್ತೀರಿ, ಆ ಕ್ರಯೋಸ್ಟಾಟ್ ಜವಾಬ್ದಾರಿ ಯಾವ ಜೂನಿಯರ್‌ಗೆ ಎನ್ನುವುದನ್ನು ಗೊತ್ತುಮಾಡಿಕೊಂಡು ಹೋಗಿ. ಮತ್ತೆ ವಾಪಸ್ ಬರುತ್ತೇನೆ ಎಂಬ ಮಾತು ಮಾತ್ರ ಕೊಡಬೇಡಿ. ಮೂರು ವರ್ಷ ಪೇಪರ್ ಇಲ್ಲದವರನ್ನು ಆಯ್ಕೆ ಸಮಿತಿಗಳು ಕರೆಯುವುದು ಅಪರೂಪ.

ಕಮಿಷನಿಂಗ್ ಕೊಟ್ಟರೆ ಸೇರಿ ಎನ್ನುತ್ತೇನೆ. ‘ಮೊದಲು ಆಪರೇಷನ್ಸ್‌ಗೆ ಬನ್ನಿ, ಆಮೇಲೆ ನೋಡೋಣ’ ಎಂದರೆ ಎಷ್ಟು ತಿಂಗಳು ಎಂದು ಬರೆದುಕೊಡಲಿ. ಕೊಡದಿದ್ದರೆ ಮಾರ್ಚ್‌ವರೆಗೆ ಸಮಯ ಇದೆ, ಮುಂಬೈ, ಚೆನ್ನೈ ಕಡೆಯೂ ಅರ್ಜಿ ಹಾಕಿ. ಸಮುದ್ರದಡಿಯ ಕೇಬಲ್‌ಗಳು ದಡ ಸೇರುವ ಊರುಗಳಾದ್ದರಿಂದ ಈ ಕೆಲಸಗಳು ಅಲ್ಲಿ ಹೆಚ್ಚು. ಊರು ಬಿಡುವುದಾದರೆ ಮಾತ್ರ ಯಜಮಾನರ ‘ನಿನ್ನಿಷ್ಟ’ ಸಾಲುವುದಿಲ್ಲ, ಅವರನ್ನು ಕೂರಿಸಿಕೊಂಡು ಮಾತಾಡಬೇಕಾಗುತ್ತದೆ.