ಡಯಲ್-ಅಪ್ ಇಂಟರ್ನೆಟ್ ಮಾರುತ್ತಿದ್ದ ಸಿಫಿ ಕ್ಲೌಡ್‌ವರೆಗೆ ಬಂದದ್ದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಕಾಲೇಜಿನ ದಿನಗಳಲ್ಲಿ ಐ-ವೇ ಸೈಬರ್ ಕೆಫೆಯ ಫಲಕದ ಮೇಲೆ ನೋಡಿದ್ದ ‘ಸಿಫಿ’ ಎಂಬ ಹೆಸರು ಈಗ ನಿಮ್ಮ ಕಂಪನಿಗೆ ಬಂದ ಕೊಟೇಶನ್ನಿನಲ್ಲಿ ಎಂಪಿಎಲ್‌ಎಸ್ (ಕಂಪನಿಯ ಶಾಖೆಗಳನ್ನು ಖಾಸಗಿ ಜಾಲದಲ್ಲಿ ಜೋಡಿಸುವ ವಿಧಾನ), ಡೇಟಾ ಸೆಂಟರ್ (ಸರ್ವರ್‌ಗಳನ್ನು ಇಡುವ ಕಟ್ಟಡ), ಕ್ಲೌಡ್ ಎಂಬ ಪದಗಳ ಜೊತೆ ಕಾಣಿಸಿಕೊಂಡಿದೆ, ಗಂಟೆಯ ಲೆಕ್ಕದಲ್ಲಿ ಇಂಟರ್ನೆಟ್ ಮಾರುತ್ತಿದ್ದವರು ಇಲ್ಲಿಗೆ ಬಂದದ್ದು ಹೇಗೆ, ಅಂಥವರ ಕೈಗೆ ಕಚೇರಿಯ ಸರ್ವರ್‌ಗಳನ್ನು ಒಪ್ಪಿಸಬಹುದೇ? ನಾನು ಸಿಫಿಯಲ್ಲಿ ಕೆಲಸ ಮಾಡಿದವನಲ್ಲ. ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಎರಡು ದಶಕ ಕಳೆದವನು. ಅಂದರೆ ಇಂಥ ಕಂಪನಿಗಳಿಂದ ಲಿಂಕ್ ಕೊಳ್ಳುವ, ಲಿಂಕ್ ಬಿದ್ದಾಗ ಅವರಿಗೆ ಫೋನ್ ಮಾಡಿ ಕಾಯುವ ಬದಿಯಲ್ಲಿ ಕುಳಿತಿದ್ದವನು. ಆ ಬದಿಯಿಂದ ಕಂಡದ್ದನ್ನು ಬರೆಯುತ್ತೇನೆ.

ಮೊದಲಿಗೆ, ಮನೆಮನೆಗೆ ಇಂಟರ್ನೆಟ್ ಕೊಡುತ್ತಿದ್ದವರು ಆಮೇಲೆ ಕಂಪನಿಗಳ ಕಡೆಗೆ ಹೊರಳಿದರು ಎಂದು ನೀವು ಅಂದುಕೊಂಡಿದ್ದೀರಿ. ಸಿಫಿಯ ವಿಷಯದಲ್ಲಿ ಅದು ತಿರುವುಮುರುವು. ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಂಗಸಂಸ್ಥೆಯಾಗಿ 1995ರ ಡಿಸೆಂಬರ್‌ನಲ್ಲಿ ‘ಸತ್ಯಂ ಇನ್ಫೋವೇ’ ಎಂಬ ಹೆಸರಿನಲ್ಲಿ ಹುಟ್ಟಿ ಚೆನ್ನೈಯಲ್ಲಿ ನೆಲೆ ನಿಂತ ಈ ಕಂಪನಿ ಮೊದಲ ಎರಡು ವರ್ಷ ಕಟ್ಟಿದ್ದೇ ಕಂಪನಿಗಳಿಗಾಗಿ ಒಂದು ಖಾಸಗಿ ದತ್ತಾಂಶ ಜಾಲವನ್ನು. ಆಗ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡುವ ಹಕ್ಕು ಸರ್ಕಾರಿ ಒಡೆತನದ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್‌ಗೆ ಮಾತ್ರ ಇತ್ತು. ಅದು 1995ರ ಆಗಸ್ಟ್ 15ರಂದು ಆ ಸೇವೆಯನ್ನು ಆರಂಭಿಸಿತ್ತು. ಖಾಸಗಿಯವರಿಗೆ ಉಳಿದಿದ್ದ ಅವಕಾಶ ಒಂದು ಕಂಪನಿಯ ಶಾಖೆಗಳ ನಡುವೆ, ಅಥವಾ ಅದಕ್ಕೂ ಅದರ ಸರಬರಾಜುದಾರರಿಗೂ ನಡುವೆ, ಇ-ಮೇಲ್ ಮತ್ತು ಖರೀದಿ ಆದೇಶಗಳಂಥ ದಾಖಲೆಗಳನ್ನು ಸಾಗಿಸುವುದು. 1998ರ ಏಪ್ರಿಲ್‌ನಲ್ಲಿ ಸತ್ಯಂ ಇನ್ಫೋವೇ ಆ ಸೇವೆಯನ್ನು ಮಾರತೊಡಗಿತು. ಖಾಸಗಿಯವರಿಗೆ ಇಂಟರ್ನೆಟ್ ಬಾಗಿಲು ತೆರೆದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಜಾಲ ಆಗಲೇ ಸಿದ್ಧವಿದ್ದುದರಿಂದಲೇ ಅದೇ ತಿಂಗಳು ‘ಸತ್ಯಂ ಆನ್‌ಲೈನ್’ ಹೆಸರಿನಲ್ಲಿ ದೇಶದ ಮೊದಲ ಖಾಸಗಿ ಐಎಸ್‌ಪಿಯಾಗಿ, ಅಂದರೆ ಇಂಟರ್ನೆಟ್ ಸೇವಾದಾರನಾಗಿ, ಅದು ಬೀದಿಗೆ ಬರಲು ಸಾಧ್ಯವಾಯಿತು.

ಮನೆಯ ಇಂಟರ್ನೆಟ್ ಹೀಗೆ ನಡುವೆ ಬಂದ ಅಧ್ಯಾಯ. ದುಡ್ಡೂ ಗದ್ದಲವೂ ಹೆಚ್ಚಿದ್ದದ್ದು ಅದರಲ್ಲೇ ಎಂಬುದರಿಂದ ಎಲ್ಲರ ನೆನಪಿನಲ್ಲಿ ಉಳಿದದ್ದೂ ಅದೇ. 1999ರ ಅಕ್ಟೋಬರ್‌ನಲ್ಲಿ ಕಂಪನಿ ನ್ಯಾಸ್‌ಡ್ಯಾಕ್ ಷೇರುಪೇಟೆಗೆ ಷೇರೊಂದಕ್ಕೆ 18 ಡಾಲರ್‌ನಂತೆ ಹೋಯಿತು. ನವೆಂಬರ್‌ನಲ್ಲಿ ರಾಜೇಶ್ ಜೈನ್ ಕಟ್ಟಿದ್ದ ಇಂಡಿಯಾವರ್ಲ್ಡ್ ಜಾಲತಾಣಗಳನ್ನು, ಅಂದರೆ ಸಮಾಚಾರ್, ಖೇಲ್, ಖೋಜ್, ಬಾವರ್ಚಿ ಇತ್ಯಾದಿಗಳನ್ನು, 499 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. 2000ದ ಫೆಬ್ರುವರಿಯಲ್ಲಿ ಎರಡನೆಯ ಸಲ ಷೇರು ಮಾರುವಾಗ ಬೆಲೆ 320 ಡಾಲರ್. ಇಂಟರ್ನೆಟ್ ಕಂಪನಿಗಳ ಷೇರುಗಳ ಉಬ್ಬರ, ಅಂದರೆ ಡಾಟ್‌ಕಾಮ್ ಗುಳ್ಳೆ, ಒಡೆದು ಮರುವರ್ಷದ ಹೊತ್ತಿಗೆ ಬೆಲೆ ಬೆರಳೆಣಿಕೆಯ ಡಾಲರ್‌ಗೆ ಇಳಿಯಿತು. 499 ಕೋಟಿಯ ಆ ಖರೀದಿಯನ್ನು ಇಂದಿಗೂ ಗೇಲಿ ಮಾಡುವವರಿದ್ದಾರೆ, ನಾನೂ ಮಾಡಿದ್ದೇನೆ. ಆದರೆ ಅದೇ ಭರಾಟೆಯ ಕಾಲದಲ್ಲಿ, 2000ದಲ್ಲಿ, ನವಿ ಮುಂಬೈಯ ವಾಶಿಯಲ್ಲಿ ಅವರು ಡೇಟಾ ಸೆಂಟರ್ ತೆರೆದರು ಎಂಬುದನ್ನು ಗೇಲಿ ಮಾಡುವವರು ಮರೆಯುತ್ತಾರೆ.

ಮನೆಯ ಇಂಟರ್ನೆಟ್ ವ್ಯವಹಾರ ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಕಾರಣ ಸರಳ. ಡಯಲ್-ಅಪ್‌ನಲ್ಲಿ, ಅಂದರೆ ದೂರವಾಣಿ ಕರೆಯ ಮೂಲಕ ಸಿಗುವ ಇಂಟರ್ನೆಟ್‌ನಲ್ಲಿ, ಗ್ರಾಹಕನ ಮನೆಗೆ ಹೋಗುವ ತಂತಿ ಸರ್ಕಾರದ ದೂರವಾಣಿಯದು, ವಿದೇಶಕ್ಕೆ ಹೋಗುವ ಬ್ಯಾಂಡ್‌ವಿಡ್ತ್ ಆರಂಭದಲ್ಲಿ ವಿಎಸ್‌ಎನ್‌ಎಲ್‌ನದು. ಎರಡೂ ಕಡೆ ಸರಕು ಕೊಡುವವನೇ ಎದುರಾಳಿ. ಪರವಾನಗಿ ಶುಲ್ಕವನ್ನು ಸರ್ಕಾರ ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ಬಿಟ್ಟೇ ಕೊಟ್ಟದ್ದರಿಂದ ನೂರಾರು ಜನ ಐಎಸ್‌ಪಿಗಳಾದರು, ದರ ಪಾತಾಳಕ್ಕಿಳಿಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನದೇ ದೂರವಾಣಿ ತಂತಿಯ ಮೇಲೆ ಡೇಟಾ ಒನ್ ಬ್ರಾಡ್‌ಬ್ಯಾಂಡ್ ತಂದ ಮೇಲೆ, ಮನೆಗೆ ಸ್ವಂತ ತಂತಿ ಇಲ್ಲದವನಿಗೆ ಅಲ್ಲಿ ಹೆಚ್ಚು ದಿನ ಬಾಳುವೆ ಇರಲಿಲ್ಲ. ಸಿಫಿ ಕಟ್ಟಡದ ಮೇಲೆ ರೇಡಿಯೊ ಕೂರಿಸಿ, ಅಲ್ಲಿಂದ ಬಡಾವಣೆಯ ಕೇಬಲ್‌ನವರ ಮೂಲಕ ಮನೆ ತಲುಪುವ ಉಪಾಯ ಮಾಡಿತು. ಕೇಬಲ್‌ನವರ ಗುಣಮಟ್ಟದ ಮೇಲೆ ಇದ್ದ ಹಿಡಿತ ಎಷ್ಟೆಂದು ಆ ಕಾಲದಲ್ಲಿ ಅಂಥ ಸಂಪರ್ಕ ಬಳಸಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಕಂಪನಿಗಳ ಬದಿಯಲ್ಲಿ ಲೆಕ್ಕವೇ ಬೇರೆ. ನಮ್ಮ ಕಾರ್ಖಾನೆಯನ್ನೇ ತೆಗೆದುಕೊಳ್ಳಿ: ಪೀಣ್ಯದಲ್ಲಿ ಮುಖ್ಯ ಘಟಕ, ಹೊಸೂರಿನಲ್ಲಿ ಒಂದು, ಪುಣೆಯಲ್ಲಿ ಒಂದು, ಉಳಿದಂತೆ ಗೋದಾಮು ಮತ್ತು ಮಾರಾಟ ಕಚೇರಿಗಳು, ಒಟ್ಟು 12 ಕಡೆ. ಪ್ರತಿ ಜಾಗದಿಂದ ಪ್ರತಿ ಜಾಗಕ್ಕೂ ನೇರ ಲೀಸ್ಡ್ ಲೈನ್ (ಬಾಡಿಗೆಗೆ ಹಿಡಿದ ಮೀಸಲು ತಂತಿ) ಹಾಕಬೇಕೆಂದರೆ 66 ಲೈನ್ ಬೇಕು. ಅಷ್ಟು ದುಡ್ಡು ಯಾರ ಹತ್ತಿರವೂ ಇರುವುದಿಲ್ಲವಾದ್ದರಿಂದ ಎಲ್ಲವನ್ನೂ ಪೀಣ್ಯಕ್ಕೆ ತಂದು ಕಟ್ಟುತ್ತಿದ್ದೆವು. ಪೀಣ್ಯದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಹೊಸೂರಿನವರು ಪುಣೆಗೆ ಒಂದು ಇನ್‌ವಾಯ್ಸ್ ಕಳಿಸಲಾಗುತ್ತಿರಲಿಲ್ಲ. ಎಂಪಿಎಲ್‌ಎಸ್ ಬಂದಮೇಲೆ 66ರ ಬದಲು 12 ಸಂಪರ್ಕ ಸಾಕಾಯಿತು: ಪ್ರತಿ ಜಾಗದಿಂದ ಹತ್ತಿರದ ಊರಿನಲ್ಲಿರುವ ಸೇವಾದಾರನ ರೌಟರ್‌ವರೆಗೆ ಒಂದೊಂದು. ಅಲ್ಲಿಂದಾಚೆಗೆ ಪ್ರತಿ ಪ್ಯಾಕೆಟ್ಟಿಗೂ, ಅಂದರೆ ದತ್ತಾಂಶದ ತುಣುಕಿಗೂ, ಒಂದು ಚೀಟಿ ಅಂಟಿಸಿ, ಆ ಚೀಟಿ ನೋಡಿಕೊಂಡೇ ಜಾಲ ಅದನ್ನು ದಾಟಿಸುತ್ತದೆ. ನಮ್ಮ ಕಾರ್ಖಾನೆಯ ಒಳ ವಿಳಾಸಗಳು 192.168.1ರಿಂದ ಶುರುವಾಗುತ್ತಿದ್ದವು, ಅದೇ ಜಾಲದಲ್ಲಿದ್ದ ಇನ್ನೂ ಎಷ್ಟೋ ಗಿರಾಕಿಗಳ ವಿಳಾಸಗಳೂ ಹಾಗೇ ಶುರುವಾಗುತ್ತಿದ್ದಿರಬೇಕು. ಆದರೂ ನಮ್ಮ ಇನ್‌ವಾಯ್ಸ್ ಅವರ ಪ್ರಿಂಟರಿನಲ್ಲಿ ಬರುತ್ತಿರಲಿಲ್ಲ, ಯಾಕೆಂದರೆ ಸೇವಾದಾರನ ರೌಟರಿನೊಳಗೆ ಒಬ್ಬೊಬ್ಬ ಗಿರಾಕಿಗೂ ಪ್ರತ್ಯೇಕವಾದ ದಾರಿಪಟ್ಟಿ ಇರುತ್ತದೆ.

ಒಂದೇ ತಂತಿಯನ್ನು ನೂರು ಗಿರಾಕಿಗಳಿಗೆ, ಅವರವರದೇ ಸ್ವಂತ ತಂತಿ ಎಂಬಂತೆ ಮಾರಬಹುದು ಎಂಬುದೇ ಈ ವ್ಯವಹಾರದ ತಿರುಳು, ಮತ್ತು ಐಎಸ್‌ಪಿ ಬಳಿ ಇದಕ್ಕೆ ಬೇಕಾದದ್ದೆಲ್ಲ ಆಗಲೇ ಇರುತ್ತದೆ. ಊರೂರಿನಲ್ಲಿ ಬಾಡಿಗೆಗೆ ಹಿಡಿದ ಕೋಣೆ, ಅದರಲ್ಲಿ ರೌಟರ್, ಹವಾನಿಯಂತ್ರಣ, ಬ್ಯಾಟರಿ, ಜನರೇಟರ್, ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವ ನೆಟ್‌ವರ್ಕ್ ನಿಗಾ ಕೇಂದ್ರ. ಮನೆಯವರೂ ಕೆಫೆಯವರೂ ಸಂಜೆಯ ಮೇಲೆ ಜಾಲವನ್ನು ತುಂಬುತ್ತಾರೆ, ಕಚೇರಿಗಳು ಬೆಳಗಿನ ಹತ್ತರಿಂದ ಆರರವರೆಗೆ; ಹಗಲು ಖಾಲಿ ಬಿದ್ದಿರುವ ತಂತಿಯನ್ನು ಕಚೇರಿಗೆ ಮಾರಿದರೆ ಬರುವುದು ಹೆಚ್ಚುಕಡಿಮೆ ಲಾಭವೇ. ತಿಂಗಳಿಗೆ ಕೆಲವು ನೂರು ರೂಪಾಯಿ ಕೊಡುವ ಮನೆಯ ಗ್ರಾಹಕ ನಾಳೆ ಬೇರೆಯವರ ಬಳಿ ಹೋಗಬಹುದು. 12 ಕಡೆ ರೌಟರ್ ಕೂರಿಸಿಕೊಂಡ ಕಂಪನಿ ಸುಲಭವಾಗಿ ಕದಲುವುದಿಲ್ಲ. ನಾವು ಸೇವಾದಾರನನ್ನು ಬದಲಿಸಬೇಕೆಂದು ತೀರ್ಮಾನಿಸಿದ ಮೇಲೂ ಒಂಬತ್ತು ತಿಂಗಳು ಹಿಡಿಯಿತು.

ತಂತಿಯಿಂದ ಡೇಟಾ ಸೆಂಟರ್‌ಗೆ ಹೋಗುವುದು ಇದರದೇ ಮುಂದುವರಿಕೆ. ಎಲ್ಲ ಶಾಖೆಗಳೂ ಸೇವಾದಾರನ ಜಾಲದಲ್ಲಿಯೇ ಕೂಡುತ್ತವೆ ಎಂದಾದಾಗ ಸರ್ವರ್ ಮಾತ್ರ ಪೀಣ್ಯದ ಧೂಳಿನಲ್ಲಿ, ಬೆಸ್ಕಾಂ ಕರೆಂಟಿನ ಭರವಸೆಯ ಮೇಲೆ ಯಾಕಿರಬೇಕು? ಅದನ್ನೂ ಸೇವಾದಾರನ ಕಟ್ಟಡದಲ್ಲಿ ಒಂದು ರ್‍ಯಾಕ್ ಬಾಡಿಗೆಗೆ ಹಿಡಿದು ಇಡಬಹುದು. ಆಮೇಲೆ ಆ ಸರ್ವರಿನ ಬ್ಯಾಕಪ್ ಕೆಲಸವನ್ನೂ ಅವರೇ ನೋಡಿಕೊಳ್ಳಲಿ ಎನಿಸುತ್ತದೆ. ಕೊನೆಗೆ ಸರ್ವರ್ ಕೂಡ ಅವರದ್ದೇ ಆಗಿ, ನಾವು ಬಳಸಿದಷ್ಟು ಮೆಮೊರಿಗೆ, ಡಿಸ್ಕಿಗೆ ಬಾಡಿಗೆ ಕೊಟ್ಟರಾಯಿತು ಎಂಬಲ್ಲಿಗೆ ಬಂದಾಗ ಅದನ್ನು ಕ್ಲೌಡ್ ಎನ್ನುತ್ತೇವೆ. ಹೀಗೆ ಹೇಳಿದರೆ ಮಾರಾಟದವರಿಗೆ ಬೇಸರವಾಗಬಹುದು, ಆದರೆ ನಾನು ಕಂಡಂತೆ ಕ್ರಮ ಇದೇ. ಬ್ಯಾಂಕುಗಳು ಶಾಖೆಯ ಲೆಕ್ಕವನ್ನು ಶಾಖೆಯಲ್ಲೇ ಇಡುವುದನ್ನು ಬಿಟ್ಟು ಕೋರ್ ಬ್ಯಾಂಕಿಂಗ್‌ಗೆ ಬಂದದ್ದು ಈ ವ್ಯವಹಾರಕ್ಕೆ ದೊಡ್ಡ ಬಲ ಕೊಟ್ಟಿತು. ಸಾವಿರಾರು ಶಾಖೆಗಳನ್ನು ಒಂದು ಮುಖ್ಯ ಕೇಂದ್ರಕ್ಕೂ, ದೂರದ ಇನ್ನೊಂದು ಊರಿನ ಬದಲಿ ಕೇಂದ್ರಕ್ಕೂ ಜೋಡಿಸಬೇಕಾಯಿತಲ್ಲ. ಪಾವತಿಗಳ ದತ್ತಾಂಶ ಭಾರತದಲ್ಲಿಯೇ ಇರಬೇಕೆಂದು 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ದೇಶದೊಳಗಿನ ಡೇಟಾ ಸೆಂಟರ್‌ಗಳಿಗೆ ಬೇಡಿಕೆ ಇನ್ನಷ್ಟು ಏರಿತು.

ಇಷ್ಟೆಲ್ಲ ಸಲೀಸಾಗಿ ಆಯಿತೆಂದು ತಿಳಿಯಬೇಡಿ. ಇಂಟರ್ನೆಟ್ ಪರವಾನಗಿ ಇಟ್ಟುಕೊಂಡವರು ಕಂಪನಿಗಳಿಗೆ ವಿಪಿಎನ್, ಅಂದರೆ ಮೇಲೆ ಹೇಳಿದಂಥ ಖಾಸಗಿ ಜಾಲ, ಮಾರಬಹುದೇ ಎಂಬುದರ ಮೇಲೆ ದೂರಸಂಪರ್ಕ ಇಲಾಖೆಗೂ ಐಎಸ್‌ಪಿಗಳಿಗೂ ತಕರಾರಿತ್ತು. ಊರಿಂದೂರಿಗೆ ಸಂಪರ್ಕ ಕೊಡಲು ಬೇಕಾದ ರಾಷ್ಟ್ರೀಯ ದೂರದ ಸಂಪರ್ಕದ ಪರವಾನಗಿ, ಅಂದರೆ ಎನ್‌ಎಲ್‌ಡಿ, ಪಡೆಯಲು ಪ್ರವೇಶ ಶುಲ್ಕವೇ 100 ಕೋಟಿ ರೂಪಾಯಿ ಇತ್ತು. ಅದನ್ನು 2006ರಲ್ಲಿ 2.5 ಕೋಟಿಗೆ ಇಳಿಸಿದಾಗಲೇ ಸಿಫಿಯಂಥ ಮಧ್ಯಮ ಗಾತ್ರದವರಿಗೆ ದಾರಿ ನೆಟ್ಟಗಾಯಿತು. ಒಡೆತನ ಬದಲಾದದ್ದೂ ಅದೇ ಹೊತ್ತಿಗೆ: ಅಮೆರಿಕದಲ್ಲಿ ಸರ್ವರ್‌ವರ್ಕ್ಸ್ ಎಂಬ ಚಿಪ್ ಕಂಪನಿ ಕಟ್ಟಿ ಬ್ರಾಡ್‌ಕಾಮ್‌ಗೆ ಮಾರಿದ್ದ ರಾಜು ವೇಗೇಶ್ನ ಅವರ ಹೂಡಿಕೆ ಸಂಸ್ಥೆ 2005ರಲ್ಲಿ ಸತ್ಯಂ ಪಾಲನ್ನು ಕೊಂಡಿತು. 2009ರ ಜನವರಿಯಲ್ಲಿ ಸತ್ಯಂ ಲೆಕ್ಕಪತ್ರದ ಹಗರಣ ಹೊರಬಿದ್ದಾಗ ಸಿಫಿ ಆ ಮನೆಯಿಂದ ಹೊರಬಂದು ಮೂರು ವರ್ಷ ದಾಟಿತ್ತು. ಆಮೇಲೆ ಮುಂಬೈಯ ವರ್ಸೋವಾದಲ್ಲಿ ಸಮುದ್ರದಡಿಯ ಕೇಬಲ್ ದಡ ಸೇರುವ ನಿಲ್ದಾಣವನ್ನೂ ಅದು ಮಾಡಿಕೊಂಡಿತು. ಪೋರ್ಟಲ್, ಕೆಫೆ, ಮನೆಯ ಬ್ರಾಡ್‌ಬ್ಯಾಂಡ್ ಒಂದೊಂದಾಗಿ ಹಿಂದೆ ಸರಿದವು.

2015ರಲ್ಲಿ ಮೈಕ್ರೋಸಾಫ್ಟ್, 2016ರಲ್ಲಿ ಅಮೆಜಾನ್ ಭಾರತದಲ್ಲೇ ತಮ್ಮ ಕ್ಲೌಡ್ ಕೇಂದ್ರಗಳನ್ನು ತೆರೆದಾಗ ಇವರ ಕಥೆ ಮುಗಿಯಿತೆಂದು ನಾನು ಎಣಿಸಿದ್ದೆ. ತಪ್ಪಾಯಿತು. ಆ ದೊಡ್ಡವರಿಗೂ ಕರೆಂಟು, ತಂಪು ಇರುವ ಕಟ್ಟಡ ಬೇಕು. ಅವರ ಗಿರಾಕಿಗಳಿಗೆ ಪೀಣ್ಯದಿಂದ ಮುಂಬೈವರೆಗೆ ಸಾರ್ವಜನಿಕ ಇಂಟರ್ನೆಟ್ ಮುಟ್ಟದ ಖಾಸಗಿ ದಾರಿ ಬೇಕು. ಸಿಫಿ ಈಗ ತನ್ನದೇ ಕ್ಲೌಡನ್ನೂ ಮಾರುತ್ತದೆ, ಅಮೆಜಾನ್‌ವರೆಗಿನ ದಾರಿಯನ್ನೂ ಮಾರುತ್ತದೆ. ಮೊದಲನೆಯದರಲ್ಲಿ ಅಮೆಜಾನಿನಷ್ಟು ಬಗೆಬಗೆಯ ಸೇವೆಗಳನ್ನು ಈ ಗಾತ್ರದ ಕಂಪನಿಯಿಂದ ನಿರೀಕ್ಷಿಸುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಎರಡನೆಯದೂ ಕಟ್ಟಡದ ಬಾಡಿಗೆಯೂ ಅವರ ನಿಜವಾದ ಶಕ್ತಿ. ಬೇರೆಯವರ ದಾರಿಯೂ ಹೆಚ್ಚು ಭಿನ್ನವಲ್ಲ. ಒಂದು ಕಾಲಕ್ಕೆ ಏಕಸ್ವಾಮ್ಯ ಹೊಂದಿದ್ದ ವಿಎಸ್‌ಎನ್‌ಎಲ್ 2002ರಲ್ಲಿ ಟಾಟಾ ಕೈಗೆ ಬಂದು, 2008ರಲ್ಲಿ ಟಾಟಾ ಕಮ್ಯುನಿಕೇಶನ್ಸ್ ಆಗಿ, ಇಂದು ಹೆಚ್ಚಾಗಿ ಕಂಪನಿಗಳ ಜಾಲವನ್ನೇ ನೋಡಿಕೊಳ್ಳುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಒಪ್ಪಿಸಬಹುದು, ಆದರೆ ಹೆಸರು ನೋಡಿ ಅಲ್ಲ, ಕಾಗದ ನೋಡಿ. ಕೊಟೇಶನ್ನಿನಲ್ಲಿ 99.5 ಶೇಕಡಾ ಅಪ್‌ಟೈಮ್ ಎಂದಿದ್ದರೆ ತಿಂಗಳಿಗೆ 3 ಗಂಟೆ 36 ನಿಮಿಷ ಲಿಂಕ್ ಬಿದ್ದಿದ್ದರೂ ಅವರು ಮಾತಿಗೆ ತಪ್ಪಿದಂತಲ್ಲ, 99.9 ಆದರೆ ಸುಮಾರು 43 ನಿಮಿಷ. ಆ ನಿಮಿಷಗಳನ್ನು ದೂರು ದಾಖಲಾದ ಹೊತ್ತಿನಿಂದ ಎಣಿಸುತ್ತಾರೋ, ಲಿಂಕ್ ಬಿದ್ದ ಹೊತ್ತಿನಿಂದಲೋ ಎಂದು ಕೇಳಿ. ಕ್ಲೌಡ್ ಆದರೆ ಒಳಗೆ ಹಾಕಿದ ದತ್ತಾಂಶವನ್ನು ಮುಂದೊಂದು ದಿನ ಹೊರಗೆ ತೆಗೆಯಲು ಎಷ್ಟು ದುಡ್ಡು ಎಂಬುದನ್ನು ಈಗಲೇ ಬರೆಸಿಕೊಳ್ಳಿ.

ಎರಡು ಲಿಂಕ್ ಕೊಳ್ಳುವುದಾದರೆ ಎರಡೂ ನೆಲದಲ್ಲಿ ಹೋಗುವ ದಾರಿಯ ನಕ್ಷೆಯನ್ನು ಕೇಳದೆ ಸಹಿ ಮಾಡಬೇಡಿ. ನಾವು ಬುದ್ಧಿವಂತರೆಂದುಕೊಂಡು ಇಬ್ಬರು ಬೇರೆಬೇರೆ ಸೇವಾದಾರರಿಂದ ಒಂದೊಂದು ಲಿಂಕ್ ಹಾಕಿಸಿದ್ದೆವು. ಅವರ ಹೆಸರುಗಳು ಇಲ್ಲಿ ಬೇಡ. ಒಂದು ರಾತ್ರಿ ಜಾಲಹಳ್ಳಿ ಕ್ರಾಸಿನ ಹತ್ತಿರ ಮೋರಿ ಅಗೆಯುತ್ತಿದ್ದ ಜೆಸಿಬಿ ಕೇಬಲ್ ಕಡಿಯಿತು, ಎರಡು ಲಿಂಕೂ ಒಟ್ಟಿಗೆ ಬಿದ್ದವು. ಹೋಗಿ ನೋಡಿದರೆ ಇಬ್ಬರೂ ಮೂರನೆಯವನೊಬ್ಬನ ಒಂದೇ ಕೊಳವೆಯಲ್ಲಿ ಫೈಬರ್ ಬಾಡಿಗೆಗೆ ಹಿಡಿದಿದ್ದರು. ಗುಂಡಿಯ ಅಂಚಿನಲ್ಲಿ ಇಬ್ಬರ ಎಂಜಿನಿಯರುಗಳೂ ಒಂದೇ ಟಾರ್ಚಿನ ಬೆಳಕಿನಲ್ಲಿ, ಕೂದಲೆಳೆಯಂಥ ಎಳೆಗಳನ್ನು ಒಂದೊಂದಾಗಿ ಬೆಸೆಯುವವನ ಪಕ್ಕ ಕುಳಿತು ಕಾಯುತ್ತಿದ್ದರು. ಲಿಂಕ್ ಮರಳಲು 11 ಗಂಟೆ ಹಿಡಿಯಿತು. ತಿಂಗಳ ಕೊನೆಗೆ ಇಬ್ಬರ ಬಿಲ್ಲಿನಲ್ಲೂ ಸೇರಿ ಕಡಿತವಾದದ್ದು ಆ ರಾತ್ರಿ ಪುಣೆಗೆ ಹೊರಡದೆ ನಿಂತ ಎರಡು ಲಾರಿಗಳ ಕಾಯುವ ಬಾಡಿಗೆಗೂ ಸಾಲಲಿಲ್ಲ.