ಭಾಗದ ಜಗಳದ ನಡುವೆ ಅಜ್ಜಿ–ತಾತನ ನೆನಪು

ಪ್ರಶ್ನೆ: ನನಗೆ 34 ವರ್ಷ. ತಿಪಟೂರು ಕಡೆಯ ಹಳ್ಳಿಯವಳು, ಮದುವೆಯಾಗಿ ಬೆಂಗಳೂರಿನಲ್ಲಿದ್ದೇನೆ. ಅಪ್ಪ–ಅಮ್ಮ ಕೆಲಸದ ಮೇಲೆ ಊರೂರು ತಿರುಗುತ್ತಿದ್ದುದರಿಂದ ಏಳನೇ ಕ್ಲಾಸಿನವರೆಗೆ ನನ್ನನ್ನು ಸಾಕಿದವರು ಅಜ್ಜಿ–ತಾತ. ತಾತ ಹೋಗಿ ಮೂರು ವರ್ಷವಾಯಿತು. ಅಜ್ಜಿ ಹೋದ ವರ್ಷ ಸಂಕ್ರಾಂತಿ ಹೊತ್ತಿಗೆ ತೀರಿಕೊಂಡರು. ಅಲ್ಲಿಂದ ಶುರುವಾಗಿದ್ದು ಮನೆ, ತೋಟದ ಜಗಳ. ಅಪ್ಪ, ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ. ಸೋದರತ್ತೆ ತನಗೂ ಪಾಲು ಬೇಕೆಂದರೆ, ‘ಮದುವೆ ಮಾಡಿ ಕಳಿಸಿದ ಮೇಲೆ ಎಂಥ ಪಾಲು’ ಅನ್ನುತ್ತಾರೆ ಚಿಕ್ಕಪ್ಪ. ಈ ಸಲ ಹಿರಿಯರ ಹಬ್ಬಕ್ಕೆ ಬೇರೆಯಾಗಿ ಎಡೆ ಇಡುತ್ತಾರಂತೆ. ಅಜ್ಜಿ ಹೆಸರೆತ್ತಿದರೆ ಸಾಕು, ಮನೆಯಲ್ಲಿ ಜಗಳ. ಅಮ್ಮ ‘ಆ ಮಾತೇ ಬೇಡ’ ಅನ್ನುತ್ತಾರೆ. ನಾನು ಸರಿಯಾಗಿ ಅತ್ತೂ ಇಲ್ಲ. ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಒಗ್ಗರಣೆ ವಾಸನೆಗೆ ಅಳು ಬಂದುಬಿಟ್ಟಿತು. ಐದು ವರ್ಷದ ಮಗಳು ‘ದೊಡ್ಡಜ್ಜಿ ಯಾವಾಗ ಬರ್ತಾರೆ’ ಅಂತ ಈಗಲೂ ಕೇಳುತ್ತಾಳೆ. ಅವರಿಬ್ಬರನ್ನು ನೆಮ್ಮದಿಯಾಗಿ ನೆನೆಯಲು ನನಗೆ ದಾರಿಯೇ ಇಲ್ಲವೇ?

ಉತ್ತರ: ದಾರಿ ಇದೆ. ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ಆಸ್ತಿಯ ಲೆಕ್ಕ ಇತ್ಯರ್ಥವಾದ ಮೇಲೆ ನೆನೆಯೋಣ ಎಂದು ಕಾಯಬೇಡಿ. ಭಾಗದ ವ್ಯಾಜ್ಯ ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟರಲ್ಲಿ ಬೀಗ ಹಾಕಿದ ಮನೆಯ ಆಲ್ಬಮ್ಮಿಗೆ ಗೆದ್ದಲು ಹತ್ತುತ್ತದೆ, ಫೋನು ಕೆಡುತ್ತದೆ, ಅಜ್ಜಿಯನ್ನು ಚಿಕ್ಕಂದಿನಿಂದ ಬಲ್ಲವರು ಒಬ್ಬೊಬ್ಬರೇ ಹೋಗುತ್ತಾರೆ. ಆಸ್ತಿ ಇಂದಲ್ಲ ನಾಳೆ ಯಾರಿಗಾದರೂ ಸಿಗುತ್ತದೆ, ಇವು ಹೋದರೆ ಯಾರಿಗೂ ಸಿಗುವುದಿಲ್ಲ.

ಇನ್ನೊಂದು ಎಚ್ಚರ. ಜಗಳದ ಮನೆಗಳಲ್ಲಿ ಸತ್ತವರ ಹೆಸರು ಸಾಕ್ಷಿ ಹೇಳಲು ಬಳಕೆಯಾಗುತ್ತದೆ. ‘ಅಜ್ಜಿ ಇದ್ದಿದ್ದರೆ ಹೀಗಾಗೋಕೆ ಬಿಡ್ತಿರಲಿಲ್ಲ’, ‘ತಾತ ನನಗೇ ಕೊಡ್ತೀನಿ ಅಂದಿದ್ದರು’ ಇಂಥ ಮಾತು ಎರಡೂ ಕಡೆಯಿಂದ ಬರುತ್ತಿರಬೇಕು. ನಿಮ್ಮ ಅಮ್ಮ ಬೇಡವೆನ್ನುತ್ತಿರುವುದು ಈ ಮಾತುಗಳನ್ನು, ಅಜ್ಜಿಯನ್ನಲ್ಲ. ನೀವು ನಿಮ್ಮ ಮಟ್ಟಿಗೆ, ಅಪ್ಪನ ಪರವಾಗಿಯೂ, ಆ ವಾಕ್ಯವನ್ನು ಬಾಯಿಂದ ತೆಗೆದುಹಾಕಿ. ‘ಅಜ್ಜಿ ಹೇಳುತ್ತಿದ್ದರು’ ಎನ್ನುವುದರ ಬದಲು ‘ಅಜ್ಜಿ ಮಾಡುತ್ತಿದ್ದರು’ ಎಂದು ಮಾತು ಶುರು ಮಾಡಿ ನೋಡಿ. ಕೈಕೆಲಸದ ಬಗ್ಗೆ ಯಾರೂ ಜಗಳವಾಡುವುದಿಲ್ಲ.

ಆಸ್ತಿಯ ವಿಷಯ ಚುಟುಕಾಗಿ ಹೇಳಿಬಿಡುತ್ತೇವೆ, ಅದು ತಲೆಯೊಳಗೆ ಕೂತಿರುವವರೆಗೆ ಬೇರೇನೂ ಮಾಡಲಾಗದು. ಚಿಕ್ಕಪ್ಪನ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ತಾತನ ಸ್ವಯಾರ್ಜಿತ ಆಸ್ತಿಯಾಗಿದ್ದು ವಿಲ್ ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಜ್ಜಿಗೂ ಮೂವರು ಮಕ್ಕಳಿಗೂ ಸಮಪಾಲು. ಅಜ್ಜಿಯೂ ವಿಲ್ ಇಲ್ಲದೆ ಹೋಗಿದ್ದರೆ ಅವರ ಪಾಲು ಮತ್ತೆ ಮೂವರಿಗೂ ಸಮ. ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ವಿಭಾಗವಾಗಿದ್ದರೆ ಲೆಕ್ಕ ಬೇರೆ. ಮದುವೆಯಾಗಿದೆ ಎಂಬ ಕಾರಣಕ್ಕೆ ಪಾಲು ತಪ್ಪುವುದಿಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ, ಎಲ್ಲರ ಹೆಸರೂ ಬರಲಿ. ಯಾರದೋ ಒತ್ತಾಯಕ್ಕೆ ಅತ್ತೆಯಾಗಲಿ ನೀವಾಗಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ. ಪತ್ರಗಳನ್ನೆಲ್ಲ ಹಿಡಿದುಕೊಂಡು ಅಪ್ಪ ಒಮ್ಮೆ ವಕೀಲರ ಬಳಿ ಕೂರಲಿ. ಅದು ಹಿರಿಯರ ಕೆಲಸ. ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ಸಾಗಿಸುವ ಕೆಲಸವನ್ನು ಮಾತ್ರ ನೀವು ಒಪ್ಪಿಕೊಳ್ಳಬೇಡಿ.

ಈಗ ಹಬ್ಬ. ಅಣ್ಣ–ತಮ್ಮ ಬೇರೆಯಾದ ಮೇಲೆ ಬೇರೆ ಬೇರೆ ಎಡೆ ಇಡುವುದು ನಿಮ್ಮ ಕಡೆ ಹೊಸದಲ್ಲ, ಹಿರಿಯರಿಗೆ ಅದು ಅಪಚಾರವೂ ಅಲ್ಲ. ನಿಮ್ಮನ್ನು ಕಾಡುತ್ತಿರುವುದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ಪಿತೃಪಕ್ಷ ಭಾದ್ರಪದ ಬಹುಳದ ಹದಿನೈದು ದಿನ. ಮಹಾಲಯ ಅಮಾವಾಸ್ಯೆಯ ದಿನವೇ ಎಲ್ಲರೂ ಮಾಡಬೇಕೆಂದಿಲ್ಲ, ಮನೆತನದ ಪದ್ಧತಿಯಂತೆ ಬೇರೆ ದಿನ ಮಾಡುವವರೂ ಇದ್ದಾರೆ. ಪಕ್ಷ ಶುರುವಾಗುವ ಮುಂಚೆಯೇ ಚಿಕ್ಕಪ್ಪನಿಗೆ ನೀವೇ ಫೋನ್ ಮಾಡಿ: ‘ಚಿಕ್ಕಪ್ಪ, ಯಾವತ್ತು ಎಡೆ ಇಡ್ತೀರಿ? ನಾನೂ ಮಗಳೂ ಬರ್ತೀವಿ. ಕಜ್ಜಾಯ ನಾನು ತರ್ತೀನಿ.’ ಇಷ್ಟೇ ಸಾಕು. ‘ಅಪ್ಪನ ಜೊತೆ ಸೇರಿ ಮಾಡಬಾರದಾ’ ಎಂದು ಸೇರಿಸಿದಿರೋ, ಮಾತು ಕೆಟ್ಟಿತು. ಫೋನ್ ಇಟ್ಟ ಮೇಲೆ ಅಪ್ಪನಿಗೂ ಮುಚ್ಚುಮರೆಯಿಲ್ಲದೆ ಹೇಳಿ: ‘ನಾನು ಎರಡೂ ಕಡೆ ಹೋಗ್ತೀನಿ ಅಪ್ಪ, ಅಜ್ಜಿ–ತಾತ ಇಬ್ಬರ ಮನೆಯವರು.’ ಅಪ್ಪ ಒಂದೆರಡು ದಿನ ಮುಖ ಗಂಟಿಕ್ಕಬಹುದು. ಕದ್ದು ಹೋಗಿ ಆಮೇಲೆ ಗೊತ್ತಾದರೆ ಆಗುವ ನೋವಿಗಿಂತ ಅದು ಎಷ್ಟೋ ಕಡಿಮೆ. ಎರಡೂ ಒಂದೇ ದಿನ ಬಿದ್ದರೆ ಒಂದು ಕಡೆ ಎಡೆಗೆ, ಇನ್ನೊಂದು ಕಡೆ ಸಂಜೆ ಊಟಕ್ಕೆ.

ಎಡೆಯ ಎಲೆಯ ಮೇಲೆ ಎಲ್ಲ ಮನೆಯಲ್ಲೂ ಇರುವ ವಡೆ, ಪಾಯಸ ಇರಲಿ. ಜೊತೆಗೆ ಅವರಿಬ್ಬರಿಗೇ ಸೇರಿದ್ದೊಂದು ಇರಬೇಕು: ತಾತ ಹಾಕುತ್ತಿದ್ದ ಎಲೆ–ಅಡಿಕೆ, ಅದೇ ಬಗೆಯ ಕಡ್ಡಿಪುಡಿ, ಅಜ್ಜಿಗೆ ಹಿಡಿಸುತ್ತಿದ್ದ ಸೊಪ್ಪಿನ ಸಾರು. ಅದನ್ನು ಇಡುವ ಕೆಲಸ ಮಗಳಿಗೆ ಕೊಡಿ. ಅವಳ ಪ್ರಶ್ನೆಗೆ ಉತ್ತರ ನೇರವಾಗಿಯೇ ಇರಲಿ: ‘ದೊಡ್ಡಜ್ಜಿ ಸತ್ತುಹೋಗಿದ್ದಾರೆ. ಅವರ ಮೈ ಕೆಲಸ ಮಾಡೋದು ನಿಲ್ಲಿಸಿತು. ಮತ್ತೆ ಬರಲ್ಲ. ಆದರೆ ಅವರ ಬಗ್ಗೆ ನಾವು ಮಾತಾಡಬಹುದು.’ ಮಲಗಿದ್ದಾರೆ ಎಂದರೆ ಐದು ವರ್ಷದ ಮಗು ರಾತ್ರಿ ಮಲಗಲು ಹೆದರುತ್ತದೆ. ಊರಿಗೆ ಹೋಗಿದ್ದಾರೆ ಎಂದರೆ ಬಾಗಿಲು ಕಾಯುತ್ತದೆ. ಅವಳು ಈಗ ಮಾಡುತ್ತಿರುವುದು ಅದನ್ನೇ. ಇದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾಳೆ. ಹತ್ತು ಸಲವೂ ಅದೇ ಉತ್ತರ ಕೊಡಿ, ಆಗ ನಿಮ್ಮ ಕಣ್ಣಲ್ಲಿ ನೀರು ಬಂದರೆ ಬರಲಿ.

ಕ್ಯಾಂಟೀನಿನ ಒಗ್ಗರಣೆ ವಾಸನೆಗೆ ಅಳು ಬಂದದ್ದಕ್ಕೆ ಗಾಬರಿಯಾಗಬೇಡಿ. ಜಗಳದ ಮನೆಯಲ್ಲಿ ದುಃಖಕ್ಕೆ ಜಾಗ ಸಿಗುವುದಿಲ್ಲ, ಅದು ತನಗೆ ಸಿಕ್ಕ ಜಾಗದಲ್ಲಿ ಹೊರಬರುತ್ತದೆ. ವಾಸನೆ ನೆನಪನ್ನು ಕೆರಳಿಸುವಷ್ಟು ಬೇರೆ ಯಾವುದೂ ಕೆರಳಿಸದು. ಹಾಗಾಗಿ ನಮ್ಮ ಮುಖ್ಯ ಸಲಹೆ ಅಡುಗೆಮನೆಯದೇ: ಅಜ್ಜಿಯ ಸಾರಿನ ಪುಡಿಯನ್ನು ಅಳತೆಯ ಸಮೇತ ಹಿಡಿದಿಡಿ. ಅಜ್ಜಿಯ ಜೊತೆ ಒಂದೇ ಒಲೆಯಲ್ಲಿ ಅಡುಗೆ ಮಾಡಿ ಬಲ್ಲವರು ನಿಮ್ಮ ಚಿಕ್ಕಮ್ಮ ಇರಬೇಕು, ಊರಲ್ಲಿ ಇದ್ದವರು ಅವರೇ ಅಲ್ಲವೇ? ಕೇಳಬೇಕಾದ್ದು ಅವರನ್ನೇ. ಇದನ್ನು ಅಣ್ಣತಮ್ಮಂದಿರ ನಡುವೆ ರಾಜಿ ಮಾಡಿಸುವ ಉಪಾಯವನ್ನಾಗಿ ಮಾತ್ರ ಮಾಡಬೇಡಿ. ಹಾಗೆ ಅನ್ನಿಸಿದ ಕ್ಷಣಕ್ಕೆ ಅವರು ಬಾಯಿ ಬಿಗಿದುಕೊಳ್ಳುತ್ತಾರೆ.

‘ಎಷ್ಟು ಹಾಕ್ತಿದ್ದರು’ ಎಂದು ಕೇಳಿದರೆ ‘ಒಂದು ಹದಕ್ಕೆ’ ಎಂಬ ಉತ್ತರ ಬರುತ್ತದೆ. ‘ಯಾವುದರಲ್ಲಿ ಅಳೀತಿದ್ದರು’ ಎಂದು ಕೇಳಿ. ಪಾವು, ಅರೆಪಾವು, ಹಿತ್ತಾಳೆ ಲೋಟ, ಯಾವುದೋ ಒಂದು ಇರುತ್ತದೆ. ಅದೇ ಪಾತ್ರೆ ಸಿಕ್ಕರೆ ಪ್ರತಿ ಪದಾರ್ಥವನ್ನೂ ಅದರಲ್ಲಿ ತುಂಬಿ ಬೇರೆ ಬೇರೆಯಾಗಿ ತಕ್ಕಡಿಗೆ ಹಾಕಿ. ಪಾವು ಧನಿಯಾ ಪಾವು ಜೀರಿಗೆಯ ತೂಕ ತೂಗುವುದಿಲ್ಲ. ಒಂದನ್ನು ತೂಗಿ ಉಳಿದದ್ದನ್ನು ಅಂದಾಜಿಸಿದರೆ ಅಲ್ಲೇ ರುಚಿ ಕೈತಪ್ಪುತ್ತದೆ. ಪಾತ್ರೆ ಸಿಗದಿದ್ದರೆ ಹಳೇ ಮೈಸೂರು ಕಡೆಯ ಒಂದು ಸಾಮಾನ್ಯ ಅಳತೆಯಿಂದ ಆರಂಭಿಸಿ: ಬ್ಯಾಡಗಿ ಮೆಣಸಿನಕಾಯಿ 100 ಗ್ರಾಂ, ಧನಿಯಾ 100, ಜೀರಿಗೆ 25, ಕಾಳುಮೆಣಸು 20, ಮೆಂತ್ಯ 10, ಸಾಸಿವೆ 10, ಎರಡು ಹಿಡಿ ಕರಿಬೇವು, ಒಂದು ಚಮಚ ಅರಿಶಿನ, ಇಂಗು. ಒಂದೊಂದನ್ನೂ ಪ್ರತ್ಯೇಕವಾಗಿ, ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕೆಂಪಗಾಗಿ ಘಮ್ಮೆಂದ ಕೂಡಲೇ ಬಾಣಲೆಯಿಂದ ತಟ್ಟೆಗೆ ಸುರಿಯಬೇಕು. ಕಪ್ಪಾದರೆ ಇಡೀ ಪುಡಿ ಕಹಿ. ಜೀರಿಗೆಗೆ ಒಲೆ ಆರಿಸಿದ ಬಾಣಲೆಯ ಬಿಸಿಯೇ ಸಾಕು. ಮೆಣಸಿನಕಾಯಿಗೆ ಅರ್ಧ ಚಮಚ ಎಣ್ಣೆ ಸವರಿದರೆ ಬಣ್ಣ ನಿಲ್ಲುತ್ತದೆ, ಘಾಟೂ ಕಡಿಮೆ. ಪೂರ್ತಿ ಆರುವ ಮುಂಚೆ ಪುಡಿ ಮಾಡಿದರೆ ಮಿಕ್ಸಿಯೊಳಗೆ ಬೆವರಿ ಗಂಟುಕಟ್ಟುತ್ತದೆ, ಬೇಗ ಮುಗ್ಗುತ್ತದೆ.

ಮೊದಲ ಸಲಕ್ಕೆ ಅಜ್ಜಿಯ ರುಚಿ ಬರುವುದಿಲ್ಲ. ಎರಡನೇ ಸಲ ಒಂದೇ ಒಂದನ್ನು ಬದಲಿಸಿ: ಜೀರಿಗೆ ಹೆಚ್ಚಿಸಿ, ಇಲ್ಲವೇ ಖಾರಕ್ಕೆ ಗುಂಟೂರು ಮೆಣಸಿನಕಾಯಿ ಕಾಲು ಭಾಗ ಬೆರೆಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದು ಸರಿಹೋಯಿತೆಂದು ತಿಳಿಯುವುದಿಲ್ಲ. ಪ್ರತಿ ಸಲದ ಅಳತೆಯನ್ನೂ ತಾರೀಖು ಹಾಕಿ ಬರೆದಿಡಿ. ಚಿಕ್ಕಮ್ಮನಿಗೆ ಒಂದು ಡಬ್ಬಿ ಕಳಿಸಿ ‘ಏನು ಕಮ್ಮಿಯಾಗಿದೆ’ ಎಂದು ಕೇಳಿ. ಪುಡಿ ಸರಿಯಿದ್ದೂ ಸಾರು ಬೇರೆ ರುಚಿಯಾದರೆ, ಬೇಳೆ ಕಟ್ಟು, ಹುಣಸೆಹಣ್ಣು, ಕೊನೆಗೆ ಒಗ್ಗರಣೆಯ ಕೊಬ್ಬರಿಯೋ ತುಪ್ಪವೋ, ಅದನ್ನು ನೋಡಿ. ಒಲೆಯ ಮುಂದೆ ನಿಂತಾಗ ಅಳು ಬಂದರೆ ತಡೆಯಬೇಡಿ. ಒಲೆ ಮಾತ್ರ ಆರಿಸಿ, ಮೆಂತ್ಯ ಸೀಯುತ್ತದೆ.

ಮನೆಯೊಳಗಿನ ವಸ್ತುಗಳು. ಅಪ್ಪ, ಚಿಕ್ಕಪ್ಪ, ಅತ್ತೆ ಮೂವರ ಒಪ್ಪಿಗೆ ಪಡೆದು, ಮೂರು ಕಡೆಯಿಂದಲೂ ಒಬ್ಬೊಬ್ಬರು ಇರುವಾಗಲೇ ಬೀಗ ತೆಗೆಯಿರಿ. ಏನನ್ನೂ ಎತ್ತುವ ಮೊದಲು ಪ್ರತಿ ಕೋಣೆ, ಪ್ರತಿ ಪೆಟ್ಟಿಗೆಯ ಫೋಟೊ ತೆಗೆದು ಮೂವರಿಗೂ ಒಟ್ಟಿಗೆ ಕಳಿಸಿ. ಚಿನ್ನ, ಬೆಳ್ಳಿ, ಪತ್ರಗಳನ್ನು ಮುಟ್ಟಬೇಡಿ, ಅವು ಭಾಗದ ಪಟ್ಟಿಗೆ ಸೇರಿದ್ದು. ಬೆಲೆಯಿಲ್ಲದ ಆದರೆ ಎಲ್ಲರಿಗೂ ಬೇಕಾದವು, ಅಂದರೆ ಎಲೆ–ಅಡಿಕೆ ಚೀಲ, ಕನ್ನಡಕ, ಒರಳು, ಸೀರೆಗಳನ್ನು ಮಾತ್ರ ಒಂದೆಡೆ ಸಾಲಾಗಿಡಿ. ಚೀಟಿ ಎತ್ತಿ ಸರದಿ ಗೊತ್ತುಮಾಡಿ. ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವರು ಎರಡನೇ ಸುತ್ತಿನಲ್ಲಿ ಮೊದಲು ಆರಿಸಲಿ. ನೀವು ಕೊನೆಯಲ್ಲಿ ನಿಲ್ಲಿ. ಅತ್ತೆ ಒಂದು ಸೀರೆ ಹಿಡಿದು ಕೂತರೆ ಅದನ್ನು ಲೆಕ್ಕದಿಂದ ಹೊರಗೇ ಬಿಟ್ಟುಬಿಡಿ.

ರೇಷ್ಮೆ ಸೀರೆ ನಿಮಗೆ ಬಂದರೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರು ಬೇಡ. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಮಡಿಕೆಯ ಗೆರೆಯಲ್ಲೇ ಸೀರೆ ಬಿರಿಯುತ್ತದೆ.

ಫೋಟೊಗಳಿಗೆ ತಾಳ್ಮೆ ಬೇಕು. ಎಂಬತ್ತು, ತೊಂಬತ್ತರ ದಶಕದ ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಆ ಅಂಟೇ ಫೋಟೊವನ್ನು ಹಳದಿ ಮಾಡುತ್ತಿರುತ್ತದೆ. ಉಗುರಿನಿಂದ ಎಬ್ಬಿಸಿದರೆ ಮೂಲೆ ಹರಿಯುತ್ತದೆ. ಹಲ್ಲುಸಂದಿ ಶುಚಿ ಮಾಡುವ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಫೋಟೊದ ಹಿಂದೆ ಗರಗಸದಂತೆ ಮೆಲ್ಲಗೆ ಆಡಿಸಿ. ಬರದಿದ್ದರೆ ಬಲವಂತ ಬೇಡ, ಹಾಳೆಯ ಸಮೇತ ಸ್ಕ್ಯಾನ್ ಮಾಡಿಸಿ. ಸಣ್ಣ ಫೋಟೊಗಳಿಗೆ 600 ಡಿಪಿಐ ಕೇಳಿ. ಕಡಿಮೆಗೆ ಮಾಡಿಸಿದರೆ ಆಮೇಲೆ ದೊಡ್ಡದಾಗಿ ತೆಗೆಸುವಾಗ ಮುಖ ಮಸುಕು. ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ, ಅದನ್ನು ಬಿಡಿಸಿ ಸರಿಮಾಡಲು ಆಗುವುದಿಲ್ಲ. ತಾತನ ಕೊಬ್ಬರಿ ಲೆಕ್ಕದ ಪುಸ್ತಕ ಸಿಕ್ಕರೆ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದು ಪುಟವನ್ನೂ ಬಿಡದೆ ಫೋಟೊ ತೆಗೆಯಿರಿ. ನಿಮ್ಮ ಶಾಲೆಯ ಫೀಜು, ಅಜ್ಜಿಯ ಔಷಧಿಯ ಖರ್ಚು ಬರೆದಿರುವುದು ಇಂಥ ಪುಸ್ತಕದ ಅಂಚಿನಲ್ಲೇ.

ವಾಟ್ಸ್ಆ್ಯಪಿನಲ್ಲಿ ಅಜ್ಜಿಯ ಧ್ವನಿ ಇದೆಯೇ, ಇವತ್ತೇ ಹುಡುಕಿ. ಆಂಡ್ರಾಯ್ಡ್ ಫೋನಿನಲ್ಲಿ ‘ವಾಟ್ಸ್ಆ್ಯಪ್ ವಾಯ್ಸ್ ನೋಟ್ಸ್’ ಎಂಬ ಫೋಲ್ಡರಿನಲ್ಲಿ ‘ಪಿಟಿಟಿ’ ಎಂದು ಶುರುವಾಗಿ ತಾರೀಖು ಇರುವ ಕಡತಗಳು ಅವು. ಸ್ಟೋರೇಜ್ ತುಂಬಿತೆಂದು ಅಳಿಸುವಾಗ ಇವೂ ಹೋಗಿಬಿಡಬಹುದು. ಲ್ಯಾಪ್‌ಟಾಪಿಗೊಂದು, ಪೆನ್‌ಡ್ರೈವಿಗೊಂದು ಪ್ರತಿ ಮಾಡಿ, ‘ಅಜ್ಜಿ, ಹಲಸಿನಹಣ್ಣು ಕಳಿಸಿದ್ದು’ ಎಂದು ಕಡತಕ್ಕೆ ಹೆಸರಿಡಿ. ಓಪಸ್ ಬಗೆಯ ಕಡತವಾದ್ದರಿಂದ ಕೆಲವು ಪ್ಲೇಯರುಗಳಲ್ಲಿ ತೆರೆಯುವುದಿಲ್ಲ, ವಿಎಲ್‌ಸಿಯಲ್ಲಿ ತೆರೆಯುತ್ತದೆ. ಈಗಲೇ ಕೇಳಲು ಧೈರ್ಯವಿಲ್ಲದಿದ್ದರೆ ಕೇಳಬೇಡಿ, ಪ್ರತಿ ಮಾಡಿಡುವುದಷ್ಟೇ ಈಗಿನ ಕೆಲಸ.

ನಿದ್ದೆ ಬಾರದೆ, ಊಟ ಸೇರದೆ, ಮಗಳನ್ನೂ ಕೆಲಸವನ್ನೂ ನೋಡಿಕೊಳ್ಳಲಾಗದ ಸ್ಥಿತಿ ವಾರಗಟ್ಟಲೆ ಮುಂದುವರಿದರೆ 14416ಕ್ಕೆ ಕರೆ ಮಾಡಿ. ಟೆಲಿ–ಮಾನಸ್ ಸಹಾಯವಾಣಿ ಅದು. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಪ್ಪನಿಗೂ ಈ ನಂಬರು ಕೊಟ್ಟಿರಿ. ಅಣ್ಣತಮ್ಮಂದಿರ ಜಗಳದ ಕೆಳಗೆ ತಾಯಿ ಹೋದ ದುಃಖ ಅವರಿಬ್ಬರಲ್ಲೂ ಇದ್ದೇ ಇರುತ್ತದೆ.

ಅಜ್ಜಿಯ ತಂಗಿಯೋ, ತವರಿನ ಕಡೆಯ ಯಾರಾದರೂ ಓರಗೆಯವರೋ ಇದ್ದರೆ ಹಬ್ಬಕ್ಕೆ ಕಾಯದೆ ಈ ತಿಂಗಳೇ ಹೋಗಿ ಬನ್ನಿ. ಮಧ್ಯಾಹ್ನದ ನಿದ್ದೆ ಮುಗಿದ ಹೊತ್ತು ಒಳ್ಳೆಯದು. ರೆಕಾರ್ಡ್ ಮಾಡಿಕೊಳ್ಳಲೇ ಎಂದು ಕೇಳಿ, ನಡುವೆ ಕರೆ ಬಾರದಂತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಅವರ ಪಕ್ಕದಲ್ಲಿಡಿ. ಫ್ಯಾನ್ ಆರಿಸಿ, ಅದರ ಸದ್ದು ಮಾತನ್ನು ನುಂಗುತ್ತದೆ. ‘ಅಜ್ಜಿ ಹೇಗಿದ್ದರು’ ಎಂದರೆ ‘ಒಳ್ಳೆಯವಳು’ ಎಂದು ಮಾತು ಮುಗಿಯುತ್ತದೆ. ಅಜ್ಜಿಯ ಮದುವೆಯಲ್ಲಿ ಊಟಕ್ಕೆ ಏನೇನಿತ್ತು, ಗಂಡನ ಮನೆಗೆ ಹೊರಟಾಗ ಗಾಡಿಯಲ್ಲಿ ಯಾರ್‍ಯಾರು ಕೂತಿದ್ದರು, ನೀರಿಗೆ ಎಷ್ಟು ದೂರ ಹೋಗುತ್ತಿದ್ದರು ಎಂದು ಕೇಳಿ. ಮುಕ್ಕಾಲು ಗಂಟೆಗೆ ನಿಲ್ಲಿಸಿ, ಅವರಿಗೆ ದಣಿವಾಗುತ್ತದೆ. ಉಳಿದದ್ದಕ್ಕೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ, ಆ ದಿನವನ್ನು ಅಲ್ಲೇ ಗೊತ್ತುಮಾಡಿಕೊಂಡು ಏಳಿ.